ಉಂಡ ಮನೆ ಯಾರದು?

ನಿವೃತ್ತ ಶಿಕ್ಷಕರೊಬ್ಬರ ಪತ್ರ ಬಂದಿದೆ. ದುಂಡಗಿನ ಅಕ್ಷರ, ಮೂರು ಪುಟ, ಎಲ್ಲೂ ಚಿತ್ತಿಲ್ಲ. ಸಾರ ಇಷ್ಟು: ‘ನಿಮ್ಮ ಪತ್ರಿಕೆ ಒಂದು ಸಂಚಿಕೆಯೂ ತಪ್ಪದಂತೆ ಸರ್ಕಾರದ ಹುಳುಕು ಹೆಕ್ಕುತ್ತದೆ. ಗಡಿಯಲ್ಲಿ ಸೈನಿಕರು ಜೀವ ಒತ್ತೆಯಿಟ್ಟು ನಿಂತಿರುವಾಗ ಇಲ್ಲಿ ಕೂತು ತಪ್ಪು ಎಣಿಸುವುದು ದೇಶಪ್ರೇಮವೇ? ಮನೆಯ ಜಗಳ ಬೀದಿಗೆ ತರುವುದು, ಉಂಡ ಮನೆಗೆ ಎರಡು ಬಗೆಯುವುದು ದೇಶದ್ರೋಹವಲ್ಲದೆ ಇನ್ನೇನು?’ ಕೊನೆಯಲ್ಲಿ ಒಂದು ತಾ.ಕ. ಇದೆ. ಅದರ ವಿಚಾರ ಆಮೇಲೆ.

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಯುದ್ಧ ನಡೆಯುವಾಗ ಪಡೆ ಎಲ್ಲಿ ಬೀಡುಬಿಟ್ಟಿದೆಯೆಂದು ಅಚ್ಚು ಹಾಕುವುದು ಟೀಕೆಯಲ್ಲ, ತಿಳಿಗೇಡಿತನ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಮಾತಿನ ಮೇಲೆ ಕಡಿವಾಣ ಹಾಕಬಹುದೆಂದು ಸಂವಿಧಾನದ 19(2)ನೇ ವಿಧಿಯೇ ಹೇಳುತ್ತದೆ. ಸಾಂವಿಧಾನಿಕ ದಾರಿ ತೆರೆದಿರುವಾಗ ಬೇರೆ ದಾರಿ ಹಿಡಿಯುವುದು ಅರಾಜಕತೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. (ರಾಜಕೀಯದಲ್ಲಿ ವ್ಯಕ್ತಿಭಕ್ತಿ ಅಧಃಪತನದ ಹಾದಿ ಎಂದದ್ದೂ ಅದೇ ಭಾಷಣದಲ್ಲಿ. ಮೊದಲನೆಯದನ್ನು ಹೇಳುವವರು ಎರಡನೆಯದನ್ನು ನುಂಗಿಬಿಡುತ್ತಾರೆ.)

ಅಷ್ಟು ಒಪ್ಪಿದೆವು. ಈಗ ನಿಮ್ಮ ಗಾದೆಗೆ ಬರೋಣ. ಗಾದೆ ಚೆನ್ನಾಗಿದೆ, ಲೆಕ್ಕ ತಪ್ಪಿದೆ. ಉಂಡವರು ಯಾರು, ಬಡಿಸಿದವರು ಯಾರು? ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವನೂ ತೆರಿಗೆ ಕಟ್ಟಿಯೇ ಕೊಳ್ಳುತ್ತಾನೆ; ಸರ್ಕಾರ ಉಣ್ಣುವುದು ಅವನ ಮನೆಯಲ್ಲಿ. ದೇಶ ಮನೆಯಾದರೆ ಸರ್ಕಾರ ಐದು ವರ್ಷದ ಕರಾರಿನ ಮೇಲೆ ಬಂದ ಪಾರುಪತ್ಯಗಾರ. ದೇವಸ್ಥಾನದ ಪಾರುಪತ್ಯಗಾರನ ಲೆಕ್ಕ ಕೇಳಿದರೆ ದೇವರಿಗೆ ಅಪಚಾರ ಎಂದು ಯಾರೂ ಹೇಳುವುದಿಲ್ಲ, ಪಾರುಪತ್ಯಗಾರನೊಬ್ಬನ ಹೊರತು.

ನಿಮ್ಮನ್ನು ಪೂರ್ತಿ ದೂರುವಂತೆಯೂ ಇಲ್ಲ. ಗೊಂದಲ ಹುಟ್ಟಿಸಿದ್ದು ನಮ್ಮ ಕಸುಬಿನವರೇ. ಹಳೆಯ ದಂಡಸಂಹಿತೆಯ 124ಎ ಕಲಮು ‘ಕಾನೂನಿನಂತೆ ಸ್ಥಾಪಿತವಾದ ಸರ್ಕಾರ’ದ ವಿರುದ್ಧ ದ್ವೇಷ, ತಿರಸ್ಕಾರ, ಅಪ್ರೀತಿ ಹುಟ್ಟಿಸುವುದನ್ನು ಅಪರಾಧವೆಂದಿತ್ತು. ಅದಕ್ಕೆ ಸರಿಯಾದ ಕನ್ನಡ ರಾಜದ್ರೋಹ. ರಾಜನಿಗೆ, ಅಂದರೆ ಆಳುವವನಿಗೆ ಬಗೆದ ದ್ರೋಹ. ಪತ್ರಿಕೆಗಳು ತಲೆಬರಹಕ್ಕೆ ಹೆಚ್ಚು ಖಾರವಿರಲೆಂದು ‘ದೇಶದ್ರೋಹ’ ಎಂದು ಬರೆದವು. ಒಂದು ಪದ ಬದಲಾದ ಕೂಡಲೇ ಮಂತ್ರಿಯನ್ನು ಬೈದವನು ಮಣ್ಣನ್ನು ಮಾರಿದವನಾದ. ‘ಟೀಕೆ’ಯ ಪಾಡೂ ಅಷ್ಟೇ. ಕಠಿಣ ಗ್ರಂಥಕ್ಕೆ ಅರ್ಥ ಬಿಡಿಸಿ ಹೇಳುವುದಕ್ಕೆ ಟೀಕೆ ಎಂದು ಹೆಸರಿತ್ತು. ಅದನ್ನು ಚೆನ್ನಾಗಿ ಮಾಡಿದವರನ್ನು ಟೀಕಾಚಾರ್ಯರೆಂದು ಕರೆದ ನುಡಿ ನಮ್ಮದು. ಈಗ ಟೀಕೆ ಎಂದರೆ ಬೈಗುಳ, ಟೀಕಾಕಾರ ಎಂದರೆ ಕೇಡಿಗ.

ಆ ಕಲಮಿನ ಜಾತಕವನ್ನೂ ನೋಡಿ. ದಂಡಸಂಹಿತೆಗೆ ಮೆಕಾಲೆ ಸಿದ್ಧಪಡಿಸಿದ 1837ರ ಕರಡಿನಲ್ಲಿ ಅದು ಇತ್ತು, 1860ರ ಸಂಹಿತೆಯಲ್ಲಿ ಬಿಟ್ಟುಹೋಯಿತು, 1870ರಲ್ಲಿ ಸೇರಿಸಿದರು. 1897ರಲ್ಲಿ ಟಿಳಕರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಸ್ಟ್ರೇಚಿ, ಅಪ್ರೀತಿ ಎಂದರೆ ಪ್ರೀತಿಯ ಅಭಾವ ಎಂದು ಜ್ಯೂರಿಗೆ ಬಿಡಿಸಿ ಹೇಳಿದರು. ಅಂದರೆ ಸರ್ಕಾರವನ್ನು ಹಾಳು ಮಾಡಬೇಕಾಗಿಯೂ ಇಲ್ಲ, ಪ್ರೀತಿಸದಿದ್ದರೆ ಸಾಕು! ಟಿಳಕರಿಗೆ 18 ತಿಂಗಳು. 1908ರಲ್ಲಿ ಮತ್ತೆ ಆರು ವರ್ಷ, ಮಂಡಾಲೆಯಲ್ಲಿ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಗಾಂಧಿ ತಪ್ಪೊಪ್ಪಿಕೊಂಡೇ ಹೇಳಿದರು: ಪ್ರೀತಿಯನ್ನು ಕಾನೂನಿನಿಂದ ತಯಾರಿಸಲಾಗದು. ಅವರಿಗೂ ಆರು ವರ್ಷ. ಹೀಗೆ ಸೆರೆಯ ರುಚಿ ಕಂಡ ಪೀಳಿಗೆಯೇ ಸಂವಿಧಾನ ಸಭೆಯಲ್ಲಿ ಕೂತಿತ್ತು. ಮಾತಿಗೆ ಕಡಿವಾಣ ಹಾಕುವ ಕಾರಣಗಳ ಕರಡು ಪಟ್ಟಿಯಲ್ಲಿ ರಾಜದ್ರೋಹವೂ ಇತ್ತು. 1948ರ ಡಿಸೆಂಬರಿನಲ್ಲಿ ಸಭೆಯ ಸದಸ್ಯ ಕೆ.ಎಂ. ಮುನ್ಶಿ ತಿದ್ದುಪಡಿ ಮಂಡಿಸಿದರು, ಪದ ಹೊರಗೆ ಹೋಯಿತು. ಇವತ್ತಿನ 19(2)ನ್ನು ಬೆರಳಿಟ್ಟು ಓದಿ. ಸರ್ಕಾರವನ್ನು ಪ್ರೀತಿಸದಿರುವುದು ಅದರಲ್ಲಿ ಎಲ್ಲೂ ಸಿಗುವುದಿಲ್ಲ.

ಸಂವಿಧಾನದಿಂದ ಹೋದದ್ದು ದಂಡಸಂಹಿತೆಯಲ್ಲಿ ಮಾತ್ರ ಉಳಿಯಿತು. 1962ರ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳು ಅದರ ಹಲ್ಲು ಅರೆದರು: ಹಿಂಸೆಗೆ ಪ್ರಚೋದನೆ ಅಥವಾ ಸಾರ್ವಜನಿಕ ಅವ್ಯವಸ್ಥೆ ಎಬ್ಬಿಸುವ ಪ್ರವೃತ್ತಿ ಇದ್ದರೆ ಮಾತ್ರ ಅಪರಾಧ, ಮಾತು ಎಷ್ಟೇ ಕಟುವಾಗಿರಲಿ. ಈ ತೀರ್ಪು ಬಂದು ಅರವತ್ತು ವರ್ಷ ಕಳೆದರೂ ಠಾಣೆಯಲ್ಲಿ ಪ್ರಕರಣ ದಾಖಲಿಸುವವರ ಮೇಜಿಗೆ ಅದು ಇಳಿಯಲಿಲ್ಲ. ಕೊನೆಗೆ ಖುಲಾಸೆಯಾದರೂ ಜಾಮೀನು, ವಕೀಲರ ಶುಲ್ಕ, ಅಲೆದಾಟಗಳೇ ಶಿಕ್ಷೆ. 2022ರ ಮೇ 11ರಂದು ಸುಪ್ರೀಂ ಕೋರ್ಟು ಆ ಕಲಮನ್ನು ತಡೆಹಿಡಿಯಿತು. ಯಾರ ಹೆಸರಿನ ಪ್ರಕರಣದಲ್ಲಿ ಗೊತ್ತೇ? ಎಸ್.ಜಿ. ಒಂಬತ್ಕೆರೆ, ನಿವೃತ್ತ ಮೇಜರ್ ಜನರಲ್. ಸೈನಿಕರ ಹೆಸರು ಹೇಳಿ ನಮ್ಮನ್ನು ಗದರಿದಿರಲ್ಲ, ಅದಕ್ಕೆ ಇದನ್ನು ಹೇಳಬೇಕಾಯಿತು.

ಹಳೆಯ ದಂಡಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹ ಎಂಬ ಪದ ಇಲ್ಲ. ಅದರ ಜಾಗದಲ್ಲಿ 152ನೇ ಕಲಮು ಇದೆ. ಪ್ರತ್ಯೇಕತೆ, ಸಶಸ್ತ್ರ ದಂಗೆಗಳನ್ನು ಪ್ರಚೋದಿಸುವುದು, ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆಗೆ ಅಪಾಯ ತರುವುದು ಅದರ ವಸ್ತು. ಸರ್ಕಾರದ ಮೇಲಿನ ಅಪ್ರೀತಿ ಅಲ್ಲಿಂದ ಇಳಿದುಹೋಗಿದೆ, ಒಳ್ಳೆಯದು. ಕಾನೂನುಬದ್ಧ ದಾರಿಯಲ್ಲಿ ಬದಲಾವಣೆ ಬಯಸಿ ಸರ್ಕಾರದ ಕ್ರಮಗಳನ್ನು ಖಂಡಿಸುವ ಮಾತಿನ ಬಗ್ಗೆ ವಿವರಣೆಯೂ ಇದೆ. ಆದರೆ ಜೀವಾವಧಿ ಅಥವಾ ಮೂರು ವರ್ಷ ಇದ್ದ ಶಿಕ್ಷೆ ಈಗ ಜೀವಾವಧಿ ಅಥವಾ ಏಳು ವರ್ಷ.

ಇನ್ನೊಂದು ಸಂಗತಿ, ನಮಗೆ ಬಹಳ ಇಷ್ಟವಾದದ್ದು. ತನ್ನನ್ನು ಟೀಕಿಸುವವರಿಗೆ ಸಂಬಳ ಕೊಟ್ಟು ಇಟ್ಟುಕೊಂಡಿರುವುದು ಈ ದೇಶವೇ. ಲೋಕಸಭೆಯ, ರಾಜ್ಯಸಭೆಯ ವಿರೋಧಪಕ್ಷದ ನಾಯಕರಿಗೆ ಸಂಬಳ, ಮನೆ ಕೊಡಲೆಂದೇ 1977ರ ಕಾಯ್ದೆ ಇದೆ; ದರ್ಜೆ ಸಂಪುಟ ಸಚಿವರದು. ಬ್ರಿಟನ್ನಿನಲ್ಲಿ ಇದೇ ಕೆಲಸಕ್ಕೆ 1937ರಲ್ಲೇ ವರ್ಷಕ್ಕೆ 2,000 ಪೌಂಡ್ ಗೊತ್ತುಮಾಡಿದ್ದರು. ಸರ್ಕಾರದ ಖರ್ಚು ಜಾಲಾಡುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ 22 ಸಂಸದರು; 1967ರಿಂದ ಅದರ ಅಧ್ಯಕ್ಷಗಿರಿ ವಿರೋಧಪಕ್ಷದವರಿಗೆ. ಆ ಸಮಿತಿಗೆ ಮೇವು ಒದಗಿಸುವ ಮಹಾಲೇಖಪಾಲರನ್ನು (ಸಿಎಜಿ) ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಷ್ಟದ ವಿಧಾನದಿಂದಲ್ಲದೆ ತೆಗೆಯುವಂತಿಲ್ಲ. ಇವರೆಲ್ಲ ದ್ರೋಹಿಗಳಾದರೆ ದ್ರೋಹಕ್ಕೆ ಸಂಚಿತ ನಿಧಿಯಿಂದ, ಅಂದರೆ ದೇಶದ ಬೊಕ್ಕಸದಿಂದಲೇ, ಹಣ ಹೋಗುತ್ತಿದೆ ಎಂದಾಯಿತು. ಕೊರತೆ ಇರುವುದು ಬೇರೆ ಕಡೆ: ಲೆಕ್ಕಪರಿಶೋಧನಾ ವರದಿಯನ್ನು ಸದನದ ಮುಂದೆ ಇಡಿಸಬೇಕು ಎನ್ನುವ 151ನೇ ವಿಧಿ ಎಷ್ಟು ದಿನದೊಳಗೆ ಎಂದು ಹೇಳುವುದಿಲ್ಲ. ತಡವಾಗಿ ಬಂದ ವರದಿ ಮದುವೆ ಮುಗಿದ ಮೇಲೆ ಬಂದ ವಾಲಗದ ಹಾಗೆ.

‘ಯುದ್ಧದ ಹೊತ್ತಿನಲ್ಲಾದರೂ ಸುಮ್ಮನಿರಿ’ ಎನ್ನುವಿರಿ. 1943ರಲ್ಲಿ ಬಂಗಾಳಕ್ಕೆ ಕ್ಷಾಮ ಬಂದದ್ದೂ ಯುದ್ಧದ ಹೊತ್ತಿನಲ್ಲೇ. ಜಪಾನ್ ಬರ್ಮಾಕ್ಕೆ ಬಂದು ಕೂತಿತ್ತು. ಕಲ್ಕತ್ತೆಯ ರಸ್ತೆಗಳಲ್ಲಿ ಜನ ಹಸಿದು ಸಾಯುತ್ತಿದ್ದರೂ ಸರ್ಕಾರ ಕ್ಷಾಮವೆಂದು ಘೋಷಿಸಲಿಲ್ಲ. ಘೋಷಿಸಿದರೆ ಕ್ಷಾಮ ಸಂಹಿತೆಯಂತೆ ಪರಿಹಾರ ಕೊಡುವ ಹೊಣೆ ಹೆಗಲೇರುತ್ತಿತ್ತು. ಆಗಸ್ಟ್ 22ರಂದು ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆ ರಸ್ತೆಗಳ ಫೋಟೋಗಳನ್ನೇ ಅಚ್ಚು ಹಾಕಿದರು. ಇಂಗ್ಲಿಷರ ಒಡೆತನದ ಪತ್ರಿಕೆ, ಇಂಗ್ಲಿಷ್ ಸಂಪಾದಕ, ಸ್ವಂತ ಸರ್ಕಾರದ ವಿರುದ್ಧ. ಜಗತ್ತಿಗೆ ಸುದ್ದಿ ಮುಟ್ಟಿತು. ಅಕ್ಟೋಬರಿನಲ್ಲಿ ವೈಸರಾಯ್ ಆಗಿ ಬಂದ ವೇವೆಲ್ ಅದೇ ತಿಂಗಳು ಕಲ್ಕತ್ತೆಗೆ ಹೋಗಿ ನೋಡಿ ಪರಿಹಾರಕ್ಕೆ ಸೈನ್ಯವನ್ನು ಇಳಿಸಿದರು. ಆ ಹೊತ್ತಿಗೆ ತಡವಾಗಿತ್ತು, ಲಕ್ಷಗಟ್ಟಲೆ ಜನ ಹೋಗಿದ್ದರು. ಬಾಯಿ ಮುಚ್ಚಿಸಿದ್ದು ಬೇಗ ಸಡಿಲಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ಇದರ ಇನ್ನೊಂದು ಮುಖ ಚೀನಾದ್ದು. 1959ರ ಜುಲೈಯಲ್ಲಿ ಲೂಷಾನ್‌ನಲ್ಲಿ ನಡೆದ ಕಮ್ಯುನಿಸ್ಟ್ ಪಕ್ಷದ ಸಭೆಯ ಹೊತ್ತಿಗೆ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಮಾವೋಗೆ ಖಾಸಗಿ ಪತ್ರ ಬರೆದರು: ‘ಮಹಾ ಜಿಗಿತ’ದಲ್ಲಿ (ಉತ್ಪಾದನೆಯನ್ನು ದಿಢೀರನೆ ಏರಿಸಲು ಮಾವೋ ಹೂಡಿದ ಆಂದೋಲನ) ಉತ್ಪನ್ನದ ಅಂಕಿಗಳನ್ನು ಉಬ್ಬಿಸಲಾಗುತ್ತಿದೆ, ನಷ್ಟವಾಗುತ್ತಿದೆ. ಕೊರಿಯಾ ಯುದ್ಧದಲ್ಲಿ ಚೀನಾದ ಪಡೆಗಳನ್ನು ನಡೆಸಿದ ಮಾರ್ಷಲ್ ಆತ. ಬೀದಿಗೆ ಹೋಗದೆ, ನೀವು ಹೇಳಿದ ಹಾಗೆ ಮನೆಯೊಳಗೇ ಹೇಳಿದ್ದು. ಮಾವೋ ಪತ್ರದ ಪ್ರತಿಗಳನ್ನು ಸಭೆಗೆ ಹಂಚಿಸಿ ಅವರನ್ನು ಪಕ್ಷವಿರೋಧಿ ಎಂದರು, ಪದವಿ ಹೋಯಿತು. ಆಮೇಲೆ ಹಳ್ಳಿಯಿಂದ ಸತ್ಯದ ಅಂಕಿ ಕಳಿಸುವ ಧೈರ್ಯ ಯಾರಿಗಿದ್ದೀತು? ಉಬ್ಬಿಸಿದ ಅಂಕಿಯ ಮೇಲೆ ಧಾನ್ಯ ಎತ್ತುವಳಿ ಮುಂದುವರಿಯಿತು, ಕ್ಷಾಮ 1961ರವರೆಗೂ ಎಳೆಯಿತು.

ಹಾಗಂತ ಬಾಯಿಗೆ ಬಂದದ್ದೆಲ್ಲ ಟೀಕೆಯಲ್ಲ, ಮತ್ತು ಇಲ್ಲಿ ನಮ್ಮ ಸಿಟ್ಟು ನಿಮಗಿಂತ ನಮ್ಮ ಕಡೆಯವರ ಮೇಲೆ ಹೆಚ್ಚು. ‘ಎಲ್ಲ ಕಳ್ಳರು’ ಎಂದು ಮೊಬೈಲಿನಲ್ಲಿ ದಾಟಿಸುವ ಸಂದೇಶಕ್ಕೆ ಯಾವ ಕಚೇರಿಯೂ ಉತ್ತರ ಕೊಡಬೇಕಾಗಿಲ್ಲ. ಆದೇಶದ ಸಂಖ್ಯೆ, ತಾರೀಕು, ಮೊತ್ತ, ಪುಟ ಇದ್ದರೆ ಕೊಡಲೇಬೇಕು. ಕಾನೂನಿನ ಗೆರೆಯೂ ಅಲ್ಲೇ ಇದೆ. ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಮಾನನಷ್ಟದ ಪರಿಹಾರ ಕೇಳಿ ದಾವೆ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪು ಹೇಳುತ್ತದೆ. ಅಧಿಕಾರಿಯ ಖಾಸಗಿ ಬದುಕಿಗೆ ಕೈ ಹಾಕಿದರೆ ಆ ರಕ್ಷಣೆ ಇಲ್ಲ. ನ್ಯಾಯ ಸಂಹಿತೆಯ 356ನೇ ಕಲಮಿನ ಕ್ರಿಮಿನಲ್ ಮಾನಹಾನಿಯಲ್ಲಿ ಹೇಳಿದ್ದು ನಿಜವಾಗಿದ್ದರಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೆಂದೂ ತೋರಿಸಬೇಕು. ಅದಕ್ಕೇ ‘ಇಂಥ ಎಂಜಿನಿಯರ್ ಲಂಚಕೋರ’ ಎಂದು ಬರೆಯುವ ಬದಲು ‘ಇಂಥ ಬಿಲ್ಲಿನಲ್ಲಿ ಇಷ್ಟು ಹಣ ಪಾವತಿಯಾಗಿದೆ, ಸ್ಥಳದಲ್ಲಿ ಕೆಲಸ ಇಲ್ಲ’ ಎಂದು ಬರೆಯಬೇಕು. ಎರಡನೆಯದು ಹೆಚ್ಚು ನೋಯಿಸುತ್ತದೆ ಕೂಡ.

ಆದರೆ ಅರ್ಥವಾಗದ್ದನ್ನು ಟೀಕಿಸುವುದು ಹೇಗೆ? ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಪತ್ರದನ್ವಯ ಸೂಚಿಸಲಾದ ಮೇರೆಗೆ’ ಎಂದು ಶುರುವಾದ ವಾಕ್ಯ ಮುಗಿಯುವ ಹೊತ್ತಿಗೆ ಯಾರು ಏನು ಮಾಡಿದರೆಂಬುದೇ ಕಳೆದುಹೋಗಿರುತ್ತದೆ. ‘ಸೂಚಿಸಲಾಗಿದೆ’, ‘ತೀರ್ಮಾನಿಸಲಾಗಿದೆ’, ಮಾಡಿದವರು ಮಾತ್ರ ಯಾರೂ ಇಲ್ಲ. ಇದು ಬರೀ ಕೆಟ್ಟ ಕನ್ನಡವಲ್ಲ, ಹೊಣೆ ತಪ್ಪಿಸಿಕೊಳ್ಳುವ ಕನ್ನಡ. ಕರ್ತೃವಿಲ್ಲದ ವಾಕ್ಯಕ್ಕೆ ಅಂಕ ಕಳೆಯುತ್ತಿದ್ದ ನಿಮ್ಮಂಥವರು ಆ ಕಚೇರಿಗಳಲ್ಲಿ ಇರಬೇಕಿತ್ತು.

ಈಗ ತಾ.ಕ.ಗೆ ಬಂದೆವು. ‘ನಮ್ಮೂರ ಸರ್ಕಾರಿ ಶಾಲೆಯ ಹೊಸ ಕೊಠಡಿ ಕಟ್ಟಿ ಎರಡು ವರ್ಷವಾಗಿಲ್ಲ, ಸೋರುತ್ತಿದೆ. ಮೂರು ಅರ್ಜಿ ಕೊಟ್ಟೆ, ಯಾರೂ ಕಣ್ಣೆತ್ತಿ ನೋಡಲಿಲ್ಲ. ಪ್ರಕಟಿಸಿ.’ ಮೇಷ್ಟ್ರೇ, ಮೂರು ಪುಟದ ತೂಕ ಈ ಮೂರು ವಾಕ್ಯಕ್ಕಿದೆ. ನಾಲ್ಕನೆಯ ಅರ್ಜಿಯನ್ನು ಮಾಹಿತಿ ಹಕ್ಕಿನಲ್ಲಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ನಮ್ಮ ರಾಜ್ಯದ ನಿಯಮ ಹಾಗಿದೆ, ಉದ್ದ ಬರೆದರೆ ಅದನ್ನೇ ನೆಪ ಮಾಡುತ್ತಾರೆ. ‘ಏಕೆ ಸೋರುತ್ತಿದೆ’ ಎಂದು ಕೇಳಬೇಡಿ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಅವರ ಕರ್ತವ್ಯ, ಕಾರಣ ಹುಡುಕಿ ಹೇಳುವುದಲ್ಲ; ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಕೇಳಬೇಕಾದ್ದು ಅಂದಾಜು ಪಟ್ಟಿ, ಗುತ್ತಿಗೆ ಕರಾರು, ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪುಟಗಳು, ಅಂತಿಮ ಬಿಲ್ಲು, ಇವುಗಳ ದೃಢೀಕೃತ ನಕಲು. ಅಂದಾಜಿನಲ್ಲಿ ಚಾವಣಿಗೆ ಜಲನಿರೋಧಕ ಲೇಪನ ಇದೆಯೇ, ಅಳತೆ ಪುಸ್ತಕದಲ್ಲಿ ಅದಕ್ಕೆ ಎಷ್ಟು ಚದರ ಮೀಟರ್ ಬರೆದು ಹಣ ಎತ್ತಿದ್ದಾರೆ ಎಂದು ನೋಡಿ, ಚಾವಣಿಯನ್ನು ನೀವೇ ಟೇಪು ಹಿಡಿದು ಅಳೆಯಿರಿ. ಕರಾರಿನಲ್ಲಿ ದೋಷ ಹೊಣೆಯ ಅವಧಿ ಎಷ್ಟೆಂದು ಇರುತ್ತದೆ. ಅದು ಮುಗಿಯುವ ಮೊದಲು ಬರೆದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು, ಆದ್ದರಿಂದ ತಡ ಮಾಡಬೇಡಿ. ಕೆಲಸವನ್ನು ಪರಿಶೀಲಿಸಿ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಕಾಯ್ದೆಯ 2(ಜೆ)ಯಲ್ಲಿದೆ.

ತಪ್ಪು ಕಚೇರಿಗೆ ಹೋದರೂ ಅವರೇ ಐದು ದಿನದೊಳಗೆ ಸರಿಯಾದ ಕಚೇರಿಗೆ ದಾಟಿಸಬೇಕು. 30 ದಿನ ಕಾಯಿರಿ. ಉತ್ತರ ಬರದಿದ್ದರೆ ನಿರಾಕರಿಸಿದಂತೆ ಲೆಕ್ಕ. ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗ ಇಷ್ಟೇ ದಿನದಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳಿಲ್ಲ, ಅದೊಂದು ತೂತು. ಆದರೂ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಅಧಿಕಾರಿಯ ಕೈಯಿಂದ ಹೋಗುತ್ತದೆಂಬ ಭಯದಿಂದ ಎಷ್ಟೋ ಕಡತಗಳು ಮೊದಲ ಮೇಲ್ಮನವಿಯಲ್ಲೇ ಹೊರಗೆ ಬರುತ್ತವೆ. ಪ್ರತಿ ಅರ್ಜಿಯನ್ನೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಟೈಪು ಮಾಡಿಸಬೇಕಾಗಿಲ್ಲ, ನಿಮ್ಮ ಕೈಬರಹವೇ ಸಾಕು. ಅಳತೆ ಪುಸ್ತಕದ ಪುಟ ಸಿಕ್ಕಿದ ದಿನ ಒಂದು ನಕಲು ನಮಗೂ ಹಾಕಿ.