ಮೊದಲು ನಕ್ಷೆ ತಿದ್ದಿ, ಆಮೇಲೆ ಯಜಮಾನರನ್ನು

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ದಾವಣಗೆರೆಯಲ್ಲಿ ಮಾವನವರ ಹೆಸರಿನ 30×40 ಸೈಟಿನಲ್ಲಿ ಮನೆ ಕಟ್ಟಲು ಹೊರಟಿದ್ದೇವೆ. ಮುಂದಿನ ತಿಂಗಳು ಗುದ್ದಲಿ ಪೂಜೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, 40 ಲಕ್ಷದ ಸಾಲಕ್ಕೆ ಇಬ್ಬರೂ ಸಹಿ ಹಾಕುತ್ತೇವೆ. ಅತ್ತೆ, ಮಾವ, ಮಗ ಜೊತೆಗಿರುತ್ತಾರೆ. ಯಜಮಾನರು ಹಾಕಿಸಿದ ಪ್ಲಾನಿನಲ್ಲಿ ಓಪನ್ ಕಿಚನ್, ಎರಡು ಮಹಡಿ ಎತ್ತರದ ಹಾಲ್. ನನಗೆ ಬೇರೆಯೇ ಅಡುಗೆಮನೆ ಬೇಕು ಎಂದದ್ದಕ್ಕೆ ಶುರುವಾದ ಜಗಳ ಈಗ ಎಲ್ಲದಕ್ಕೂ ಹಬ್ಬಿದೆ. ಈಗಿನ ಬಾಡಿಗೆ ಮನೆಯಲ್ಲಿ ಏನು ಮಾತಾಡಿದರೂ ಅತ್ತೆಯವರ ರೂಮಿಗೆ ಕೇಳುತ್ತದೆಂದು ಇಬ್ಬರೂ ಮಾತೇ ಬಿಟ್ಟಿದ್ದೇವೆ. ಕೌನ್ಸೆಲಿಂಗ್‌ಗೆ ಹೋಗಿ ಎನ್ನುತ್ತಾರೆ ತವರಿನವರು. ಹೋಗಬೇಕೇ, ಅಥವಾ ಮನೆ ಕಟ್ಟುವುದನ್ನೇ ಕೈಬಿಡಬೇಕೇ? ಪ್ಲಾನಿನ ನಕಲು ಜೊತೆಗಿದೆ. ಹೆಸರು ಹಾಕಬೇಡಿ.

— ಓದುಗರು, ದಾವಣಗೆರೆ

ಸಂಪಾದಕರ ಉತ್ತರ

ತಂಗೀ, ನಿಮ್ಮ ಪತ್ರಕ್ಕಿಂತ ನಿಮ್ಮ ಪ್ಲಾನನ್ನು ಹೆಚ್ಚು ಸಲ ಓದಿದೆ. ಯಜಮಾನರ ಸಿಡುಕಿಗೆ ನಾಲ್ಕು ಪುಟ ಬರೆದಿದ್ದೀರಿ. ಸೈಟು ಯಾರ ಹೆಸರಲ್ಲಿದೆ ಎಂಬುದಕ್ಕೆ ಅರ್ಧ ಸಾಲು. ಇದಕ್ಕೊಂದು ಗದರಿಕೆ ಇದೆ, ಆಮೇಲೆ ಕೊಡುತ್ತೇನೆ.

ಕೌನ್ಸೆಲಿಂಗ್‌ಗೆ ಹೋಗುವುದರಲ್ಲಿ ತಪ್ಪೇನಿಲ್ಲ, ಹೋಗಿ ಬನ್ನಿ. ಹೊಡೆತ, ಬೆದರಿಕೆ, ಸಂಬಳ ಕಿತ್ತುಕೊಳ್ಳುವುದು ಇದ್ದರೆ ಮಾತ್ರ ಈ ಉತ್ತರವನ್ನು ಇಲ್ಲಿಗೇ ಮಡಚಿಟ್ಟು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಅಂಥದಕ್ಕೆ ಗೋಡೆ ಸರಿಸಿ ಪರಿಹಾರವಿಲ್ಲ. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ಇರುವುದು ಇಬ್ಬರು ದಣಿದವರು, ಒಂದು ಕೆಟ್ಟ ನಕ್ಷೆ. ಹೊಂದಾಣಿಕೆ, ತಾಳ್ಮೆ ಎಂದು ಉಪದೇಶ ಮಾಡುವವರಿಗೆ ನಮ್ಮಲ್ಲಿ ಬರವಿಲ್ಲ. ಮಲಗುವ ಕೋಣೆಯ ಅಳತೆ ಕೇಳುವವರು ಮಾತ್ರ ಯಾರೂ ಇಲ್ಲ. ಹಾಗಾಗಿ ನಾನು ಅಳತೆಯಿಂದಲೇ ಶುರು ಮಾಡುತ್ತೇನೆ.

ನೈಋತ್ಯಕ್ಕೆ 10×10ರ ಕೋಣೆ ಬರೆದು 'ಮಾಸ್ಟರ್ ಬೆಡ್‌ರೂಮ್' ಎಂದಿದ್ದಾರೆ. ಟೇಪ್ ಹಿಡಿಯಿರಿ. ಆರಡಿ ಅಗಲದ ಮಂಚಕ್ಕೆ ಉದ್ದ ಆರೂವರೆ ಅಡಿ. ಎದುರು ಗೋಡೆಗೆ ಎರಡಡಿ ಆಳದ ವಾರ್ಡ್‌ರೋಬ್. ಉಳಿದದ್ದು ಒಂದೂವರೆ ಅಡಿ. ವಾರ್ಡ್‌ರೋಬಿನ ಬಾಗಿಲೇ ಒಂದೂವರೆ ಅಡಿ ಇರುತ್ತದೆ; ಅದನ್ನು ತೆರೆಯಬೇಕಾದರೆ ನೀವು ಮಂಚ ಹತ್ತಿ ನಿಲ್ಲಬೇಕು. ವಾರ್ಡ್‌ರೋಬನ್ನು ಪಕ್ಕದ ಗೋಡೆಗೆ ಹಾಕಿದರೆ ಮಂಚದ ಒಂದು ಬದಿ ಗೋಡೆಗೆ ಅಂಟುತ್ತದೆ. ಬೆಳಿಗ್ಗೆ ಐದಕ್ಕೆ ಏಳುವವರು ಇನ್ನೊಬ್ಬರನ್ನು ದಾಟಿಕೊಂಡೇ ಇಳಿಯಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮುಖ್ಯ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿ ಬೇಕು; ಎರಡನೆಯದಕ್ಕೆ 7.5 ಸಾಕು. ನಿಮ್ಮದು ಗಾರೆ ಹಚ್ಚುವ ಮೊದಲೇ ನೂರು. ಇಬ್ಬರು ಮಲಗಿ, ಬಟ್ಟೆ ಇಟ್ಟು, ಎದ್ದು ಓಡಾಡುವ ಕೋಣೆಗೆ 10×12ಕ್ಕಿಂತ ಕಡಿಮೆ ಒಪ್ಪಲೇಬೇಡಿ.

ಇನ್ನು ಶಬ್ದ. ಬಾಡಿಗೆ ಮನೆಯಲ್ಲಿ ಮಾತಾಡಿದರೆ ಕೇಳಿಸುತ್ತದೆ ಎಂದು ಬರೆದ ನೀವೇ, ಹೊಸ ಪ್ಲಾನಿನಲ್ಲಿ ಅತ್ತೆ-ಮಾವನ ಕೋಣೆಗೂ ನಿಮ್ಮ ಕೋಣೆಗೂ ನಡುವೆ ನಾಲ್ಕೂವರೆ ಇಂಚಿನ ಗೋಡೆ ಇರುವುದನ್ನು ನೋಡಿಲ್ಲ. ಎರಡೂ ಬಾಗಿಲು ಅಕ್ಕಪಕ್ಕ, ಎರಡರ ಮೇಲೂ ವೆಂಟಿಲೇಟರ್. ಪಿಸುಮಾತಿನಲ್ಲಿ ಮುಗಿಯಬೇಕಾದ ಜಗಳ ನಾಲ್ಕು ಜನಕ್ಕೆ ಕೇಳಿಸಿದರೆ ಆಮೇಲೆ ಯಾರೂ ಸೋಲಲು ತಯಾರಿರುವುದಿಲ್ಲ. ಸೋತದ್ದಕ್ಕೂ ಸಾಕ್ಷಿ ಇರುತ್ತದಲ್ಲ! ಎರಡು ಮಲಗುವ ಕೋಣೆಗಳ ನಡುವೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಇರಲಿ, ಎರಡೂ ಕಡೆ ಗಾರೆಯಾಗಲಿ. ಎಲೆಕ್ಟ್ರಿಷಿಯನ್‌ಗಳು ಪೈಪು ಉಳಿಸಲು ಒಂದೇ ಜಾಗದಲ್ಲಿ ಎರಡೂ ಕಡೆಗೆ ಸ್ವಿಚ್ ಬೋರ್ಡಿನ ಪೆಟ್ಟಿಗೆ ಕೂರಿಸುತ್ತಾರೆ. ಅಲ್ಲಿ ಗೋಡೆಯೇ ಇಲ್ಲದಂತಾಗುತ್ತದೆ, ಮಾತು ನೇರ ದಾಟುತ್ತದೆ. ಪೆಟ್ಟಿಗೆಗಳ ನಡುವೆ ಒಂದಡಿಯಾದರೂ ಅಂತರ ಕೊಡಿಸಿ. ಬಾಗಿಲು ಟೊಳ್ಳಾಗಿರುವುದು ಬೇಡ, 35 ಮಿಲಿಮೀಟರಿನ ಗಟ್ಟಿ ಫ್ಲಶ್ ಡೋರ್ ಹಾಕಿ. ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ. ಅರ್ಧ ಇಂಚು ಸಂದಿ ಬಿಟ್ಟರೆ ಎಷ್ಟು ದುಬಾರಿ ಬಾಗಿಲು ಹಾಕಿದರೂ ದಂಡ. ಗಾಳಿಗೆ ವೆಂಟಿಲೇಟರ್ ಬೇಕೆಂದರೆ ಹೊರಗೋಡೆಯಲ್ಲಿ ಬಿಡಿಸಿ, ಹಾಲಿನ ಕಡೆಗಲ್ಲ.

ಈಗ ಅಡುಗೆಮನೆ. ನಿಮ್ಮ ಯಜಮಾನರ ವಾದಕ್ಕೂ ಒಂದು ಮಾತು ಸಲ್ಲಬೇಕು: ಬಾಗಿಲು ಹಾಕಿದ ಗೂಡಿನಲ್ಲಿ ಒಬ್ಬಳೇ ಬೇಯುವುದಕ್ಕಿಂತ ಹಾಲ್‌ನಲ್ಲಿ ಕೂತವರೊಡನೆ ಮಾತಾಡುತ್ತಾ ಬೇಯಿಸುವುದು ವಾಸಿ. ಸರಿ, ಸಲ್ಲಿಸಿದ್ದಾಯಿತು. ಆದರೆ ಆ ಮಾತು ಸ್ಯಾಂಡ್‌ವಿಚ್ ಮಾಡುವ ಮನೆಗೆ. ದಾವಣಗೆರೆಯಲ್ಲಿ ಒಗ್ಗರಣೆ ಮೆಣಸಿನಕಾಯಿಯ ಘಾಟು ಎದ್ದಾಗ ಅದು ನಿಮ್ಮ ಡಬಲ್ ಹೈಟ್ ಹಾಲನ್ನೇ ಚಿಮಣಿ ಮಾಡಿಕೊಂಡು ಸೀದಾ ಮೇಲಿನ ಕೋಣೆಗೆ ಏರುತ್ತದೆ. ಬಿಸಿಗಾಳಿ ಹೋಗುವುದೇ ಮೇಲಕ್ಕೆ.

ಪ್ಲಾನಿನಲ್ಲಿ ಅಡುಗೆಗೆ ಬಿಟ್ಟದ್ದು 8 ಅಡಿ ಅಗಲ, 7 ಅಡಿ ಆಳ, 56 ಚದರಡಿ. ಊಟದ ಜಾಗ ಬೇರೆ ಇದ್ದರೆ ಸಂಹಿತೆ 5 ಚದರ ಮೀಟರ್ ಸಾಕೆನ್ನುತ್ತದೆ. ಅಂದರೆ 54 ಚದರಡಿ. ಪಾಸಾಗಲು ಬೇಕಾದಷ್ಟೇ ಅಂಕ. ಫ್ರಿಜ್ಜನ್ನು ಹಾಲಿನಲ್ಲಿ, ಸೋಫಾದ ಬೆನ್ನಿಗೆ ಬರೆದಿದ್ದಾರೆ. ಗ್ರೈಂಡರ್ ಎಲ್ಲೂ ಇಲ್ಲ. ಇದನ್ನು ಬರೆದವರು ಒಂದು ದಿನವೂ ಐದು ಜನಕ್ಕೆ ದೋಸೆ ಹಿಟ್ಟು ರುಬ್ಬಿದವರಲ್ಲ, ಅಷ್ಟಂತೂ ಹೇಳಬಲ್ಲೆ.

ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1926ರಲ್ಲಿ ಮಾರ್ಗರೆಟೆ ಶೂಟೆ-ಲಿಹೊಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಕಾರ್ಮಿಕರ ಮನೆಗಳಿಗೆಂದು ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಬೋಗಿಯ ಅಡುಗೆಕೋಣೆಯೇ ಮಾದರಿ. ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕಿ ಕೂರಿಸಿದ್ದು. ಸುಮಾರು ಹತ್ತು ಸಾವಿರ ಮನೆಗಳಿಗೆ ಅದೇ ಬಂತು. ಒಬ್ಬರಿಗೆ ಮಾತ್ರ ಹಿಡಿಸುತ್ತದೆ, ಹೆಂಗಸನ್ನು ಒಳಗೆ ಒಂಟಿ ಮಾಡುತ್ತದೆ ಎಂಬ ದೂರೂ ಆಮೇಲೆ ಬಂತು. ಆದರೆ ಆಕೆ ಅಡುಗೆಮನೆಗೂ ಕೂರುವ ಕೋಣೆಗೂ ನಡುವೆ ಸರಿಸುವ ಬಾಗಿಲು ಇಟ್ಟಿದ್ದರು. ನಿಮ್ಮಿಬ್ಬರ ಜಗಳಕ್ಕೂ ಅದೇ ರಾಜಿ. ನಾಲ್ಕಡಿಯ ಜಾರುಬಾಗಿಲು, ಮೇಲರ್ಧ ಗಾಜು. ಒಗ್ಗರಣೆಗೆ ಮುಚ್ಚಿ, ಕಾಫಿಗೆ ತೆರೆಯಿರಿ.

ಜಾಗ ಎಲ್ಲಿಂದ ಬರುತ್ತದೆ? ಹಾಲ್‌ನಿಂದ. 12×18ರ ಹಾಲನ್ನು 12×15 ಮಾಡಿ. ಆ ಮೂರಡಿ ಹಿಂದಕ್ಕೆ ಸೇರಿದರೆ ಅಡುಗೆಮನೆ 8×10 ಆಗುತ್ತದೆ. ಎರಡು ಕಡೆ ಕಟ್ಟೆ ಬಂದರೆ ನಡುವೆ ನಾಲ್ಕಡಿ ಓಡಾಟದ ಜಾಗ ಉಳಿಸಿ, ಆಗ ಇಬ್ಬರು ಕೆಲಸ ಮಾಡಬಹುದು. ಯಜಮಾನರೂ ತರಕಾರಿ ಹೆಚ್ಚಬಹುದು, ಜಾಗವಿಲ್ಲ ಎಂಬ ನೆಪ ಇರುವುದಿಲ್ಲ. ಕಟ್ಟೆಯ ಎತ್ತರವನ್ನು ಮೇಸ್ತ್ರಿಗೆ ಬಿಡಬೇಡಿ. ಹೆಚ್ಚು ಹೊತ್ತು ನಿಲ್ಲುವವರು ನೆಟ್ಟಗೆ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆದು, ಅದರಲ್ಲಿ ಐದಾರು ಇಂಚು ಕಳೆಯಬೇಕು. ಐದಡಿ ಎತ್ತರದವರಿಗೆ ಸುಮಾರು 32 ಇಂಚು ಬರುತ್ತದೆ. ಒಲೆಯನ್ನು ಕಟ್ಟೆಯ ಮೇಲೆಯೇ ಇಡುವುದಾದರೆ ಆ ಭಾಗ ಇನ್ನು ಮೂರಿಂಚು ತಗ್ಗಿಸಿ. ಇಲ್ಲದಿದ್ದರೆ ದೊಡ್ಡ ಪಾತ್ರೆ ತಿರುವುವಾಗ ಭುಜ ಎತ್ತಿ ಎತ್ತಿ ನೋವು ಶುರುವಾಗುತ್ತದೆ. ಹೊಗೆ ಎಳೆಯುವ ಚಿಮಣಿಗೆ ಆರಿಂಚಿನ ಪೈಪೇ ಬೇಕು, ತಿರುವು ಒಂದೋ ಎರಡೋ ಸಾಕು. ಗೋಡೆಯಲ್ಲಿ ನಾಲ್ಕಿಂಚಿನ ತೂತು ಬಿಟ್ಟು ಪೈಪು ಕಿರಿದು ಮಾಡಿದರೆ ಸದ್ದು ಹೆಚ್ಚುತ್ತದೆ, ಹೊಗೆ ಹೋಗುವುದಿಲ್ಲ. ಸಿಲಿಂಡರ್ ಇಡುವ ಗೂಡಿಗೆ ನೆಲಮಟ್ಟದಲ್ಲೇ ಗಾಳಿಕಂಡಿ ಇರಲಿ, ಸೋರಿದ ಅನಿಲ ಮೇಲೇರುವುದಿಲ್ಲ, ಕೆಳಗೇ ಮಡುಗಟ್ಟುತ್ತದೆ.

ಡಬಲ್ ಹೈಟ್ ಹಾಲಿನ ಆಸೆಯನ್ನು ಯಜಮಾನರು ಬಿಡಲಿ. ಹಾಲಿನ ಮೇಲೆ ಸ್ಲಾಬು ಹಾಕಿದರೆ 180 ಚದರಡಿ ಸಿಗುತ್ತದೆ. ಅಲ್ಲಿ ನಿಮ್ಮಿಬ್ಬರ ಕೋಣೆ, ಅದಕ್ಕೊಂದು ಬಚ್ಚಲು. ಐದಿಂಚಿನ ಸ್ಲಾಬಿಗೆ 75 ಘನ ಅಡಿ ಕಾಂಕ್ರೀಟ್; ತೊಲೆ ಬಿಟ್ಟು ಹೆಚ್ಚುಕಡಿಮೆ 17 ಚೀಲ ಸಿಮೆಂಟು, 170ರಿಂದ 200 ಕೆಜಿ ಕಬ್ಬಿಣ. ಇಪ್ಪತ್ತಡಿ ಗೋಡೆಗೆ ಸಾರುವೆ ಕಟ್ಟಿ ಗಾರೆ, ಬಣ್ಣ ಮಾಡಿಸುವ ಖರ್ಚು ಇದರಲ್ಲಿ ಉಳಿಯುತ್ತದೆ. ಕೆಳಗಿನ 10×10 ಮಗನಿಗಾಗಲಿ. ಅತ್ತೆ-ಮಾವ ಕೆಳಗೇ ಇರಲಿ; ಅವರ ಬಚ್ಚಲು 5×7, ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗೆ ಬಿದ್ದವರು ಅಡ್ಡವಾಗಿ ಬಾಗಿಲು ಸಿಕ್ಕಿಕೊಳ್ಳಬಾರದು. ರಾತ್ರಿ ಕರೆಯಲು ಮೇಲಕ್ಕೊಂದು ಬೆಲ್ಲಿನ ವೈರು ಈಗಲೇ ಎಳೆಸಿ.

ಮೇಲಿನ ಕೋಣೆ ಬೇಸಿಗೆಯಲ್ಲಿ ಕಾಯುತ್ತದೆ, ನಿಜ. ಪಶ್ಚಿಮದ ಗೋಡೆ ಮಧ್ಯಾಹ್ನ ಕುಡಿದ ಬಿಸಿಲನ್ನು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ವಾರ್ಡ್‌ರೋಬ್ ಆ ಗೋಡೆಗೇ ಬರಲಿ, ಕಿಟಕಿಗೆ ಎರಡಡಿ ಸಜ್ಜಾ, ತಾರಸಿಗೆ ಬಿಳಿ ಬಣ್ಣ ಅಥವಾ ಬಿಳಿ ಹೆಂಚಿನ ಚೂರು. ನಿದ್ದೆಗೆಟ್ಟವರು ಬೆಳಿಗ್ಗೆ ಎದ್ದು ಜಗಳವಾಡದೆ ಮತ್ತೇನು ಮಾಡುತ್ತಾರೆ?

ಈ ಬದಲಾವಣೆಯನ್ನು ಕಾಗದದಲ್ಲಿ ವಾದಿಸಬೇಡಿ. ಸೈಟು ಸಮತಟ್ಟು ಮಾಡಿಸಿ, ಸುಣ್ಣದ ಪುಡಿಯಲ್ಲಿ ಪೂರ್ತಿ ಅಳತೆಗೆ ಗೆರೆ ಎಳೆಯಿರಿ. ಹಳೆ ಪ್ಲಾನು ಮೊದಲು, ಹೊಸದು ಆಮೇಲೆ. ಮಂಚದ ಜಾಗಕ್ಕೆ ಚಾಪೆ, ಫ್ರಿಜ್ಜಿನ ಜಾಗಕ್ಕೆ ರಟ್ಟಿನ ಪೆಟ್ಟಿಗೆ. ಯಜಮಾನರ ಕೈಗೆ ಖಾಲಿ ಪಾತ್ರೆ ಕೊಟ್ಟು ಸಿಂಕಿನಿಂದ ಒಲೆಗೆ, ಒಲೆಯಿಂದ ಊಟದ ಮೇಜಿಗೆ ನಡೆಸಿ. ಅವರು ಹಟಮಾರಿಯಲ್ಲ, ನಕ್ಷೆ ಓದಲು ಬಾರದವರು ಎಂದು ನನ್ನ ಅನುಮಾನ. ನಮ್ಮಲ್ಲಿ ಬಹಳ ಜನ ಹಾಗೇ. ಎಂಜಿನಿಯರ್ ತೋರಿಸಿದ ಬಣ್ಣದ ಚಿತ್ರ ನೋಡಿ ತಲೆಯಾಡಿಸಿರುತ್ತಾರೆ.

ಎಂಜಿನಿಯರ್‌ಗಳ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. 'ಪ್ಲಾನ್ ಫ್ರೀ' ಎಂದು ಬೋರ್ಡು ಹಾಕಿಕೊಂಡು ಒಂದೇ ನಕ್ಷೆಯನ್ನು ತಿರುಗಿಸಿ ಮಗುಚಿ ಊರಿಗೆಲ್ಲ ಹಂಚುವವರಿದ್ದಾರೆ. ಫ್ಲ್ಯಾಟಿನ ಬ್ರೋಷರುಗಳಲ್ಲಿ ಮಂಚವನ್ನೇ ನಾಲ್ಕಡಿಗೆ ಕುಗ್ಗಿಸಿ ಬರೆದು ಕೋಣೆ ದೊಡ್ಡದು ಮಾಡುತ್ತಾರೆ. ಸರ್ಕಾರವೂ ಬೇರೆಯಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆಯ ಜಾಗವೂ ಸೇರಿ. 270 ಚದರಡಿಯಲ್ಲಿ ಮುದುಕರು, ಮಕ್ಕಳು, ಅವರ ನಡುವೆ ಒಂದು ಜೋಡಿ. ಗಂಡ-ಹೆಂಡತಿ ಯಾವಾಗ, ಎಲ್ಲಿ ಮಾತಾಡಬೇಕು ಎಂದು ಯಾವ ಇಲಾಖೆಯೂ ಕೇಳಿಕೊಂಡಂತಿಲ್ಲ. ಆಮೇಲೆ ಸಂಸಾರಗಳು ಒಡೆಯುತ್ತಿವೆ ಎಂದು ವೇದಿಕೆಯ ಮೇಲೆ ಗೋಳಾಡುತ್ತಾರೆ, ಮೊಬೈಲನ್ನು ಬೈಯುತ್ತಾರೆ, ಹೆಣ್ಣುಮಕ್ಕಳ ಓದನ್ನು ಬೈಯುತ್ತಾರೆ.

ಈಗ ಆ ಗದರಿಕೆ. ಸಾಲಕ್ಕೆ ಸಹಿ ಹಾಕಿದ ಮಾತ್ರಕ್ಕೆ ಮನೆ ನಿಮ್ಮದಾಗುವುದಿಲ್ಲ. ಸಹ-ಅರ್ಜಿದಾರರೆಂದರೆ ಕಂತಿಗೆ ಹೊಣೆ, ಅಷ್ಟೆ. 40 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷ, ತಿಂಗಳಿಗೆ ಸುಮಾರು 34,700 ರೂಪಾಯಿ. ಅದರಲ್ಲಿ ಅರ್ಧ ನೀವು ಕಟ್ಟುತ್ತೀರಿ, ಸೈಟಿನ ಪತ್ರದಲ್ಲಿ ನಿಮ್ಮ ಹೆಸರಿಲ್ಲ. ಮಾಲೀಕತ್ವವಿಲ್ಲದವರಿಗೆ ಗೃಹಸಾಲದ ಬಡ್ಡಿಯ ತೆರಿಗೆ ರಿಯಾಯಿತಿಯೂ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. ಅತ್ತೆ-ಮಾವನ ಹೆಸರಿನ ಮನೆಗೆ ಅದು ಅನ್ವಯಿಸದೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2020ರ ಅಕ್ಟೋಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಸರಿಯಲ್ಲವೆಂದಿತು. ಒಳ್ಳೆಯದೇ. ಆದರೆ ಅದು ಇರುವ ಹಕ್ಕು, ಒಡೆತನವಲ್ಲ.

ಸೈಟು ಮಾವನವರ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಮೊದಲು ನೋಡಿ. ಪಿತ್ರಾರ್ಜಿತವಾದರೆ ನಿಮ್ಮ ನಾದಿನಿಯರಿಗೂ ಪಾಲಿದೆ, ಅವರನ್ನು ಕೂರಿಸಿಕೊಂಡೇ ಮಾತಾಡಬೇಕು. ಸ್ವಯಾರ್ಜಿತವಾದರೆ ಮಾವನವರು ಮಗ-ಸೊಸೆ ಇಬ್ಬರ ಹೆಸರಿಗೂ ದಾನಪತ್ರ ಮಾಡಿಕೊಡಬಹುದು. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮಾರಾಟದಂತೆ ಬೆಲೆಯ ಮೇಲೆ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲ, ನಿಗದಿತ ಸಣ್ಣ ಮೊತ್ತ ಸಾಕು. ಹಿರಿಯರನ್ನು ಬರಿಗೈ ಮಾಡಬೇಡಿ: ಬದುಕಿರುವವರೆಗೆ ಆ ಮನೆಯಲ್ಲಿ ಇಬ್ಬರಿಗೂ ವಾಸದ ಹಕ್ಕು, ನೋಡಿಕೊಳ್ಳುವ ಹೊಣೆ ನಿಮ್ಮದು ಎಂದು ಪತ್ರದಲ್ಲೇ ಬರೆಸಿ. ಆ ಷರತ್ತಿದ್ದು ನೀವು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವರು ದಾನವನ್ನೇ ರದ್ದು ಮಾಡಿಸಬಹುದು. ಅವರಿಗೆ ಧೈರ್ಯ ಬರುವುದೇ ಅದರಿಂದ. ಇದೆಲ್ಲ ಬ್ಯಾಂಕಿಗೆ ಮೂಲಪತ್ರ ಕೊಡುವ ಮೊದಲೇ ಮುಗಿಯಲಿ. ಆಮೇಲೆ ಪ್ರತಿಯೊಂದಕ್ಕೂ ಬ್ಯಾಂಕಿನ ಒಪ್ಪಿಗೆ ಕಾಯಬೇಕು. ಗುದ್ದಲಿ ಪೂಜೆ ಒಂದು ತಿಂಗಳು ಮುಂದೆ ಹೋದರೆ ಮುಳುಗುವುದೇನಿಲ್ಲ, ಇನ್ನೊಂದು ಮುಹೂರ್ತ ಸಿಗುತ್ತದೆ.

ಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಅಡುಗೆ ಕಟ್ಟೆಗೆ ಕರಿ ಕಲ್ಲೋ ಬಿಳಿ ಕಲ್ಲೋ? ಕರಿ ಗ್ರಾನೈಟ್, 18ರಿಂದ 20 ಮಿಲಿಮೀಟರ್. ಬಿಳಿ ಅಮೃತಶಿಲೆಗೆ ನಿಂಬೆ, ಹುಣಸೆ ಬಿದ್ದರೆ ಮೆರುಗು ಹೋಗುತ್ತದೆ, ಅರಿಶಿನ ಇಂಗುತ್ತದೆ. ಬೋರ್‌ವೆಲ್ ಗಡಸು ನೀರಾದರೆ ಕರಿಯ ಮೇಲೂ ಬಿಳಿ ಪೊರೆ ಕಟ್ಟುತ್ತದೆ, ರಾತ್ರಿ ಒಣಬಟ್ಟೆಯಲ್ಲಿ ಒರೆಸಿದರಾಯಿತು. ಕಲ್ಲಿನ ಮುಂಚಾಚಿನ ಅಡಿಯಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ ಉದ್ದಕ್ಕೂ ಒಂದು ಗೀರು ಕೊರೆಸಿ. ಇಲ್ಲದಿದ್ದರೆ ನೀರು ಕಲ್ಲಿನಡಿಗೆ ತಿರುಗಿ ಪ್ಲೈವುಡ್ ಬಾಗಿಲುಗಳಿಗೆ ಇಳಿಯುತ್ತದೆ, ಅವು ಬೇಗನೆ ಉಬ್ಬುತ್ತವೆ.