ಪುಟ್ಟನನ್ನು ನಾನು ಬೆಳೆಸಬಾರದಿತ್ತು

ನಿಮ್ಮ ಯೂಟ್ಯೂಬ್ ಕಾರ್ಟೂನಿನ ಹುಡುಗಿಗೆ ನಾಲ್ಕು ವರ್ಷದಿಂದ ವಯಸ್ಸು ಆರೇ. ಅವಳಿಗೆ ದನಿ ಕೊಡುವ ನಿಮ್ಮ ಮಗಳಿಗೆ ಈಗ ಹತ್ತು. ವರ್ಷಗಟ್ಟಲೆ ನಡೆಯುವ ಕಾರ್ಟೂನಿನಲ್ಲಿ ಪಾತ್ರಗಳಿಗೂ ವಯಸ್ಸಾಗಬೇಕಲ್ವಾ, ಇಲ್ಲದಿದ್ದರೆ ನೋಡುವವರಿಗೆ ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನಗೆ ಕಂಡದ್ದು ಬನಶಂಕರಿಯ ಒಂದು ಬಾಡಿಗೆ ಮನೆ. ಅದರ ಒಳಕೋಣೆಯ ಗೋಡೆಗೆಲ್ಲ ಇಳಿಬಿಟ್ಟ ಕೌದಿಗಳು, ನಡುವೆ ಒಂದು ಮೈಕು, ಮೈಕಿನ ಮುಂದೆ ನನ್ನ ಅಕ್ಕನ ಮಗ.

2011ರಲ್ಲಿ ನಾವು ನಾಲ್ಕು ಜನ ಸೇರಿ ಒಂದು ಚಾನೆಲ್‌ಗೆ ಮಕ್ಕಳ ಕಾರ್ಟೂನ್ ಮಾಡಲು ಶುರು ಮಾಡಿದೆವು. ಒಂದೊಂದು ಕಂತು 11 ನಿಮಿಷ. ಮಲೆನಾಡಿನ ಒಂದು ಮನೆ, ಅಜ್ಜಿ, ಕೊಟ್ಟಿಗೆಯಲ್ಲೊಂದು ಕರು, 7 ವರ್ಷದ ಪುಟ್ಟ. ಅಷ್ಟೇ. ಕತೆ ನನ್ನದು. ಪುಟ್ಟನ ದನಿಗೆ ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಅಕ್ಕನ ಮಗನನ್ನೇ ಕೂರಿಸಿದೆವು. ಆಗ ಅವನಿಗೆ 10. ಅವನು ಬಾಯಿ ಬಿಟ್ಟರೆ ಎಳೆ ಸೌತೆಕಾಯಿ ಮುರಿದ ಹಾಗಿರುತ್ತಿತ್ತು. ಮೂರು ವರ್ಷದಲ್ಲಿ 52 ಕಂತು ಮಾಡಿದೆವು. ಶನಿವಾರ ಶಾಲೆ ಬಿಟ್ಟ ಕೂಡಲೇ ಬ್ಯಾಗು ಸಮೇತ ಬರುತ್ತಿದ್ದ. ಅವನ ಕ್ಲಾಸಿನವರೆಲ್ಲ ಅವನನ್ನು ಪುಟ್ಟ ಅಂತಲೇ ಕರೆಯುತ್ತಿದ್ದರು. ಅದು ಅವನಿಗೆ ಬಹಳ ಹೆಮ್ಮೆ.

2014ರ ಮಳೆಗಾಲ. ಆವತ್ತಿನ ಮಾತು ತೀರಾ ಸುಲಭದ್ದು: 'ಅಜ್ಜೀ, ನನ್ ಚಡ್ಡಿ ಎಲ್ಲಿ?' ಆ 'ಜ್ಜೀ' ಎಳೆಯುವಾಗ ಗಂಟಲು ಒಡೆಯಿತು. ಶೀತ ಇರಬೇಕು ಅಂದುಕೊಂಡೆವು. ಬಿಸಿನೀರಿಗೆ ಜೇನು ಹಾಕಿ ಕೊಟ್ಟೆವು. 14 ಟೇಕ್ ಆಯಿತು. ಆಮೇಲೆ ಅವನು ಹೆಡ್‌ಫೋನ್ ತೆಗೆದ. ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದುಕೊಂಡು, ನೆಲ ನೋಡುತ್ತಾ ಕೇಳಿದ: 'ಮಾಮ, ನಾಳೆ ಸರಿ ಹೋಗತ್ತಲ್ವಾ?' ಬೆರಳ ತುದಿ ಕೆಂಪಾಗಿತ್ತು. ನಾನು ಹೂಂ ಅಂದೆ. ಅದು ಸರಿ ಹೋಗುವ ಗಂಟಲಲ್ಲ ಅಂತ ನನಗೆ ಗೊತ್ತಿತ್ತು.

ಆ ರಾತ್ರಿಯೇ ನಾನು ಪುಟ್ಟನನ್ನು 13 ವರ್ಷದವನನ್ನಾಗಿ ಮಾಡುವುದು ಅಂತ ತೀರ್ಮಾನಿಸಿಬಿಟ್ಟೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದರ ಹೊಸ್ತಿಲಲ್ಲೇ ಇದ್ದೀರಿ. ನನ್ನ ಮುಂದೆ ಎರಡು ದಾರಿ ಇದ್ದವು. ಹೊಸ ದನಿ ತರುವುದು, ಇಲ್ಲವೇ ಪುಟ್ಟನನ್ನು ದೊಡ್ಡವನನ್ನಾಗಿ ಮಾಡುವುದು. ಹೊಸ ದನಿ ತರಬೇಕಾದರೆ ಆ ಹುಡುಗನನ್ನು ಎದುರು ಕೂರಿಸಿಕೊಂಡು 'ಇನ್ನು ನೀನು ಬರೋದು ಬೇಡ ಕಣೋ' ಅನ್ನಬೇಕಿತ್ತು. ಅದು ನನ್ನಿಂದ ಆಗಲಿಲ್ಲ. ಅವನಿಗೆ ಹೇಳಲಾಗದ ಒಂದು ಮಾತನ್ನು ತಪ್ಪಿಸಿಕೊಳ್ಳಲು ಪುಟ್ಟನ ಬದುಕನ್ನೇ ಬದಲಿಸಿದೆ. ಪುಟ್ಟ ಬೇರೆ, ಪುಟ್ಟನಿಗೆ ದನಿ ಕೊಡುವ ಹುಡುಗ ಬೇರೆ. ಇಬ್ಬರೂ ಒಂದೇ ಅಂತ ಮೂರು ವರ್ಷದಲ್ಲಿ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಗಂಟಲು ಒಡೆದದ್ದು ಅಕ್ಕನ ಮಗನದು. ಪುಟ್ಟನಿಗೆ ಏನೂ ಆಗಿರಲಿಲ್ಲ. ಅವನು ಅಲ್ಲೇ ಜಗುಲಿಯಲ್ಲಿ ಚಡ್ಡಿ ಹುಡುಕುತ್ತಿದ್ದ.

ಜೊತೆಯವರಿಗೆ ನಾನು ಕೊಟ್ಟ ಕಾರಣಗಳೇ ಬೇರೆ. ಮೊದಲನೆಯದು ಅಮೆರಿಕದ 'ಅಡ್ವೆಂಚರ್ ಟೈಮ್'. 2010ರಲ್ಲಿ ಶುರುವಾದ ಆ ಕಾರ್ಟೂನಿನಲ್ಲಿ ಫಿನ್ ಅನ್ನುವ ಹುಡುಗನಿಗೆ ಮೊದಲು 12 ವರ್ಷ. ದನಿ ಕೊಡುತ್ತಿದ್ದ ಜೆರೆಮಿ ಶಾಡಾ ಕೂಡ ಹುಡುಗನೇ. ಅವನ ದನಿ ದಪ್ಪವಾದ ಹಾಗೆ ಫಿನ್ ಕೂಡ ಬೆಳೆದ. 2018ರಲ್ಲಿ ಮುಗಿಯುವ ಹೊತ್ತಿಗೆ ಫಿನ್‌ಗೆ 17. 'ನೋಡಿ, ಅವರು ಮಾಡ್ತಿದ್ದಾರೆ, ನಾವೂ ಮಾಡೋಣ' ಅಂದೆ. ಆದರೆ ಅಲ್ಲಿ ಒಂದು ಕಂತಿನಲ್ಲಿ ಆದದ್ದು ಮುಂದಿನ ಕಂತುಗಳಲ್ಲಿ ನೆನಪಿರುತ್ತದೆ. ನೋಡುವವರಲ್ಲಿ ದೊಡ್ಡವರೂ ಇದ್ದರು. ನಮ್ಮ ಪುಟ್ಟನಿಗೆ ಮೊನ್ನೆ ಬಾವಿಗೆ ಬಿದ್ದದ್ದು ಇವತ್ತು ನೆನಪಿರುತ್ತಿರಲಿಲ್ಲ. ಎಂದೂ ಹಿಂತಿರುಗಿ ನೋಡದ ಹುಡುಗನಿಗೆ ಒಮ್ಮೆಲೇ ಆರು ವರ್ಷ ಸೇರಿಸಿದರೆ ಅದು ಬೆಳವಣಿಗೆ ಅನ್ನಿಸುವುದಿಲ್ಲ. ಯಾರೋ ಬೇರೆಯವನು ಬಂದ ಹಾಗೆ ಅನ್ನಿಸುತ್ತದೆ.

ಎರಡನೆಯ ಕಾರಣ ನಮಗೆ ಬರುತ್ತಿದ್ದ ಕಾಗದಗಳು. 'ಪುಟ್ಟ ಯಾವಾಗ ಹೈಸ್ಕೂಲಿಗೆ ಹೋಗ್ತಾನೆ?' ಅಂತ ಮಕ್ಕಳು ಬರೆಯುತ್ತಿದ್ದರು. ನೋಡುವವರೇ ಕೇಳ್ತಿದ್ದಾರಲ್ಲ ಅಂತ ನಾನು ಹಿಗ್ಗಿದೆ. ಆ ಕಾಗದ ಬರೆಯುತ್ತಿದ್ದವರು ಯಾರು ಅಂತ ಯೋಚಿಸಲೇ ಇಲ್ಲ. ದುಂಡಗೆ ಅಕ್ಷರ ಬರೆಯುವ, ಪಿನ್‌ಕೋಡ್ ಹಾಕಲು ಗೊತ್ತಿರುವ, 10-11 ವರ್ಷದ ಮಕ್ಕಳು. ಏಳು ವರ್ಷದವರಿದ್ದಾಗಿಂದ ನೋಡಿದವರು. ಇನ್ನೊಂದು ವರ್ಷಕ್ಕೆ ಅವರು ಹೇಗೂ ಕಾರ್ಟೂನ್ ಬಿಟ್ಟು ಕ್ರಿಕೆಟ್ಟಿಗೆ, ಸಿನಿಮಾಕ್ಕೆ ಹೋಗುವವರು. ನಿಜವಾಗಿ ಪುಟ್ಟನನ್ನು ದಿನಾ ನೋಡುತ್ತಿದ್ದ 4-5 ವರ್ಷದ ಮಕ್ಕಳಿಗೆ ಬರೆಯಲು ಬರುವುದಿಲ್ಲ ಅಲ್ವಾ? ಅವರ ಕಾಗದ ಬರಲೇ ಇಲ್ಲ. ಹೊರಟು ನಿಂತವರ ಮಾತು ಕೇಳಿ, ಆಗಷ್ಟೇ ಒಳಗೆ ಬರುತ್ತಿದ್ದವರ ಮುಖಕ್ಕೆ ಬಾಗಿಲು ಹಾಕಿದೆ. ನಿಮ್ಮ ಕಾಮೆಂಟುಗಳನ್ನೂ ಒಮ್ಮೆ ಹಾಗೆ ನೋಡಿ.

ಕೆಲಸ ಶುರುವಾದ ಮೇಲೆ ಗೊತ್ತಾಯಿತು ಅದು ಎಷ್ಟು ಅಂತ. ನಮ್ಮದು ಕಟ್‌ಔಟ್ ಅನಿಮೇಶನ್. ಪಾತ್ರದ ತಲೆ, ತೋಳು, ಅಂಗೈ, ಬಾಯಿಯ ಆಕಾರ ಎಲ್ಲ ಬಿಡಿಬಿಡಿಯಾಗಿ ಬರೆದು, ಜೋಡಿಸಿ, ಬೊಂಬೆಯ ಹಾಗೆ ಆಡಿಸಲು ಬರುವಂತೆ ಸಿದ್ಧ ಮಾಡಿಟ್ಟುಕೊಂಡಿರುತ್ತೇವೆ. ಪುಟ್ಟನ ತಲೆ ಅವನ ಎತ್ತರದ ಮೂರನೇ ಒಂದು ಪಾಲು ಇತ್ತು. 13 ವರ್ಷದ ಹುಡುಗನಿಗೆ ಅಷ್ಟು ದೊಡ್ಡ ತಲೆ ಇಟ್ಟರೆ ಆಗುವುದಿಲ್ಲ. ತಲೆ ಚಿಕ್ಕದಾಯಿತು, ಕಾಲು ಉದ್ದವಾಯಿತು. ಹಳೇ ನಡಿಗೆ, ಓಟ, ಕೂರುವುದು, ಒಂದೂ ಕೆಲಸಕ್ಕೆ ಬರಲಿಲ್ಲ. ಜಗುಲಿಯ ಕಟ್ಟೆ ಅವನ ಮೊಣಕಾಲಿಗೆ ಬಂತು. ಹಾಗಾಗಿ ಮನೆಯ ಹಿನ್ನೆಲೆ ಚಿತ್ರಗಳನ್ನೂ ಮತ್ತೆ ಬರೆಯಬೇಕಾಯಿತು. ಅಜ್ಜಿಗೆ ವಯಸ್ಸಾಗದೆ ಇರುತ್ತಾ? ಅವಳ ಬೆನ್ನು ಬಗ್ಗಿಸಿದೆವು. ಕರು ಹಸುವಾಯಿತು. ಮೂರು ತಿಂಗಳು ಅಂದುಕೊಂಡದ್ದು ಏಳು ತಿಂಗಳಾಯಿತು. ಕೈಯಲ್ಲಿದ್ದ ದುಡ್ಡೆಲ್ಲ ಅದಕ್ಕೇ ಹೋಯಿತು.

2015ರಲ್ಲಿ ಹೊಸ 13 ಕಂತು ಹೋದವು. ಚಾನೆಲ್ಲುಗಳಲ್ಲಿ ಮಕ್ಕಳ ಕಾರ್ಟೂನು ಒಂದೇ ಸಲ ಹೋಗಿ ಮುಗಿಯುವುದಿಲ್ಲ. ಹಳೆಯದು ಹೊಸದು ಕಲೆಸಿ, ಬೆಳಗ್ಗೆ ಒಂದು ಸಂಜೆ ಒಂದು, ಯಾವ ಕ್ರಮವೂ ಇಲ್ಲದೆ ವರ್ಷಗಟ್ಟಲೆ ಹಾಕುತ್ತಲೇ ಇರುತ್ತಾರೆ. ಪಾತ್ರಗಳಿಗೆ ವಯಸ್ಸಾಗದಿರಲು ಅರ್ಧ ಕಾರಣ ಇದೇ. ಯಾವ ಕಂತನ್ನು ಎಲ್ಲಿಂದ ನೋಡಿದರೂ ಅರ್ಥವಾಗಬೇಕು. ನಮ್ಮ ಪುಟ್ಟ ಬೆಳಗ್ಗೆ ಸೈಕಲ್ ಮೇಲೆ ಹೈಸ್ಕೂಲಿಗೆ ಹೋದ, ಸಂಜೆ ಚಡ್ಡಿ ಹಾಕಿಕೊಂಡು ಕರುವಿನ ಬಾಲ ಹಿಡಿದ. ನಮ್ಮ ಕಲಾವಿದನ ಮಗಳಿಗೆ ಆಗ 5 ವರ್ಷ. ಹೊಸ ಕಂತನ್ನು ಅವಳಿಗೆ ತೋರಿಸುವಾಗ ನಾನೂ ಪಕ್ಕದಲ್ಲಿದ್ದೆ. ತುತ್ತು ಬಾಯಲ್ಲೇ ಇಟ್ಟುಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ ಅಪ್ಪನನ್ನು ಕೇಳಿದಳು: 'ಈ ಅಣ್ಣ ಯಾರು? ಪುಟ್ಟ ಎಲ್ಲಿ ಹೋದ?'

ಅವಳು ಅವನನ್ನು ಅಣ್ಣ ಅಂದದ್ದು ಕೇಳಿ ನಾವಿಬ್ಬರೂ ಮಾತಾಡಲಿಲ್ಲ. 13 ಕಂತಿನ ಮೇಲೆ ಚಾನೆಲ್‌ನವರು ಮುಂದುವರಿಸಲಿಲ್ಲ.

ಆಮೇಲೆ ನಾನು ಬೇರೆಯವರು ಏನು ಮಾಡಿದ್ದಾರೆ ಅಂತ ಕೂತು ನೋಡಿದೆ. ಆ ಕೆಲಸ ಮೊದಲೇ ಮಾಡಬೇಕಿತ್ತು. ಜಪಾನಿನಲ್ಲಿ 'ಸಾಜಾಎ-ಸಾನ್' ಅಂತ ಒಂದಿದೆ. 1969ರ ಅಕ್ಟೋಬರಿನಿಂದ ಭಾನುವಾರ ಸಂಜೆ ಬರುತ್ತಿದೆ. ಜಗತ್ತಿನಲ್ಲೇ ಜಾಸ್ತಿ ಕಾಲ ನಡೆದಿರುವ ಟಿವಿ ಕಾರ್ಟೂನ್ ಅದು. ಸಾಜಾಎಗೆ ಅಂದಿನಿಂದಲೂ 24 ವರ್ಷ, ದನಿ ಮಿದೊರಿ ಕಾಟೊ ಅವರದೇ. ಅವಳ ತಮ್ಮ ಕತ್ಸುಒ ಐದನೇ ಕ್ಲಾಸು ದಾಟಿಲ್ಲ. ಅವನಿಗೆ ದನಿ ಕೊಟ್ಟವರು ಬೇರೆ ಬೇರೆ ಹೆಂಗಸರು. ಅಪ್ಪ ನಮಿಹೆಯ ದನಿಯಾಗಿದ್ದ ಇಚಿರೊ ನಗಾಯಿ 2014ರ ಜನವರಿಯಲ್ಲಿ ತೀರಿಹೋದರು. ಇನ್ನೊಬ್ಬರು ಬಂದರು, ಅಪ್ಪ 54ರಲ್ಲೇ ಉಳಿದ. ನಾನು ಕೌದಿ ಕಟ್ಟಿದ ಕೋಣೆಯಲ್ಲಿ ಒದ್ದಾಡುತ್ತಿದ್ದ ವರ್ಷವೇ ಅದು.

ಆ ಕಾರ್ಟೂನಿನಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು. ವಯಸ್ಸಾಗುವುದಿಲ್ಲ, ಆದರೆ ಕಾಲ ನಿಂತಿಲ್ಲ. ಜಪಾನಿನಲ್ಲಿ ಚೆರ್ರಿ ಹೂ ಬಿಡುವಾಗ ಕಾರ್ಟೂನಿನಲ್ಲೂ ಹೂ ಬಿಡುತ್ತದೆ. ಬೇಸಿಗೆ ರಜೆ ಬರುತ್ತದೆ, ಹೊಸ ವರ್ಷ ಬರುತ್ತದೆ. ಋತು ತಿರುಗುತ್ತದೆ, ಲೆಕ್ಕ ಮಾತ್ರ ಇಡುವುದಿಲ್ಲ. ಶಿನ್-ಚಾನ್‌ಗೆ 1996ರಲ್ಲಿ ತಂಗಿಯೇ ಹುಟ್ಟಿದಳು. ಇವನಿಗೆ ಇವತ್ತಿಗೂ 5, ಅವಳಿಗೆ ಇನ್ನೂ ನಡೆಯಲು ಬರುವುದಿಲ್ಲ. 'ಸಿಂಪ್ಸನ್ಸ್'ನ ಬಾರ್ಟ್‌ಗೆ 1989ರಿಂದ 10. ದನಿ ಕೊಡುವವರು ನ್ಯಾನ್ಸಿ ಕಾರ್ಟ್‌ರೈಟ್, ಶುರುವಿನಲ್ಲೇ ಮೂವತ್ತು ದಾಟಿದ್ದ ಹೆಂಗಸು. ಹುಡುಗರ ಪಾತ್ರಕ್ಕೆ ದೊಡ್ಡ ಹೆಂಗಸರ ದನಿ ಯಾಕೆ ಇಡುತ್ತಾರೆ ಅಂತ ನನಗೆ ಆಗ ಹೊಳೆಯಲೇ ಇಲ್ಲ. ಆ ಗಂಟಲು ಒಡೆಯುವುದಿಲ್ಲ. 'ಡೋರೆಮಾನ್' ಅಂತೂ 2005ರಲ್ಲಿ ಮುಖ್ಯ ದನಿಗಳನ್ನೆಲ್ಲ ಒಟ್ಟಿಗೆ ಬದಲಿಸಿತು. ಅದರ ಹುಡುಗ ನೊಬಿತಾ ಹಾಗೇ ಇದ್ದಾನೆ. ನಮ್ಮ ದೇಶದ್ದೇ ನೋಡಿ. ಛೋಟಾ ಭೀಮ್ 2008ರಲ್ಲಿ ಬಂತು. 2019ರಲ್ಲಿ ಅವರು ಭೀಮನ ಹೊಸ ಸರಣಿ ಮಾಡಿದಾಗ ಅವನನ್ನು ದೊಡ್ಡವನಾಗಿಸಲಿಲ್ಲ, ಅಂಬೆಗಾಲಿಡುವ ಕೂಸಾಗಿಸಿದರು. ಅವರಿಗೆ ನೋಡುವವರು ಯಾರು ಅಂತ ಗೊತ್ತಿತ್ತು.

ಹಾಗಂತ ಬೆಳೆಸಲೇಬಾರದು ಅಂತ ನಾನು ಹೇಳುವುದಿಲ್ಲ. ಅಮೆರಿಕದ 'ಕಿಂಗ್ ಆಫ್ ದಿ ಹಿಲ್' 2010ರಲ್ಲಿ ನಿಂತು 2025ರಲ್ಲಿ ಮತ್ತೆ ಬಂದಾಗ, ಮೊದಲು ಚಿಕ್ಕ ಹುಡುಗನಾಗಿದ್ದ ಮಗ ಬಾಬಿಗೆ 21 ವರ್ಷ, ಡಲ್ಲಾಸ್‌ನಲ್ಲಿ ಬಾಣಸಿಗ. ಅದು ಮೊದಲಿನಿಂದ ದೊಡ್ಡವರು ನೋಡುವ ಕಾರ್ಟೂನು. ಮಧ್ಯೆ ಅಷ್ಟು ವರ್ಷದ ಬಿಡುವೂ ಸಿಕ್ಕಿತ್ತು. ನಿಮ್ಮದು ಪುಟ್ಟ ಮಕ್ಕಳದ್ದು. ಅವರಿಗೆ ಆ ಹುಡುಗಿ ತಮ್ಮ ಓರಗೆಯವಳಾಗಿಯೇ ಸಿಗಬೇಕು. ಬೇಜಾರಾಗುತ್ತದೆ ಅಂದಿರಲ್ಲ, ಬೇಜಾರಾಗುವುದು ದೊಡ್ಡವರಾದ ಮಕ್ಕಳಿಗೆ. ಅವರನ್ನು ಪ್ರೀತಿಯಿಂದ ಕಳಿಸಿಕೊಡಿ. ಇವತ್ತು ಮೊದಲ ಸಲ ನೋಡುವ ಮಗುವಿಗೆ ನಿಮ್ಮ ನಾಲ್ಕು ವರ್ಷ ಹಳೆಯ ಕಂತೂ ಹೊಸದೇ. ಅವಳ ಊರಿನಲ್ಲಿ ಮಳೆ ಬರಲಿ, ಗೌರಿಹಬ್ಬ ಬರಲಿ, ಮಾವಿನಕಾಯಿ ಕಾಲ ಬರಲಿ. ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಮಾತ್ರ ಎಣಿಸಬೇಡಿ.

ಇನ್ನು ನೀವು ಕೇಳದೆ ಬಿಟ್ಟದ್ದು. ನಿಮ್ಮ ಪ್ರಶ್ನೆ ಪಾತ್ರದ ವಯಸ್ಸಿನದ್ದು ಅಂತ ನನಗೆ ಅನ್ನಿಸುತ್ತಿಲ್ಲ. ಮಗಳಿಗೆ ಹೇಗೆ ಹೇಳುವುದು ಅನ್ನುವ ಸಂಕಟ ಅದರ ಒಳಗೆ ಕೂತಿದೆ. ನಾನೂ ಅದನ್ನು ಹೇಳದೇ ಉಳಿಸಿಕೊಂಡೆ. 2022ರಲ್ಲಿ ಅಕ್ಕನ ಮಗ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ. ಸೇರುವ ಹಿಂದಿನ ದಿನ ನಮ್ಮ ಮನೆಗೆ ಊಟಕ್ಕೆ ಬಂದವನು, ಕೈ ತೊಳೆಯುತ್ತಾ, ನನ್ನ ಕಡೆ ನೋಡದೆ ಕೇಳಿದ: 'ಪುಟ್ಟ ನಿಂತದ್ದು ನನ್ನ ಗಂಟಲಿಂದಾನೇ ಅಲ್ವಾ ಮಾಮ?' ಏಳು ವರ್ಷ ಅವನು ಅದನ್ನು ಹೊತ್ತುಕೊಂಡು ತಿರುಗಿದ್ದ. ಅವನಿಗೆ ನೋವಾಗದಿರಲಿ ಅಂತ ನಾನು ಮಾಡಿದ್ದು ಇಷ್ಟು. ಆವತ್ತು ಅವನಿಗೆ ಎಲ್ಲ ಹೇಳಿದೆ, ಇಲ್ಲಿ ನಿಮಗೆ ಹೇಳಿದಷ್ಟೂ. ರಾತ್ರಿ ಒಂದರವರೆಗೆ ಕೂತಿದ್ದೆವು. ಅವನು ಒಂದು ಮಾತು ಹೇಳಿದ: 'ಬೇರೆಯವರನ್ನ ಕರೆಸಿದ್ದಿದ್ರೆ ನಾನೇ ಹೇಳಿಕೊಡ್ತಿದ್ದೆ ಮಾಮ, ಪುಟ್ಟ ನಗೋಕೆ ಮುಂಚೆ ಒಂದ್ಸಲ ಮೂಗಲ್ಲಿ ಉಸಿರು ಎಳ್ಕೋತಾನೆ.' ಮೂರು ವರ್ಷ ಕತೆ ಬರೆದ ನಾನು ಅದನ್ನು ಗಮನಿಸಿರಲಿಲ್ಲ.

ನಿಮ್ಮ ಮಗಳಿಗೆ ಈಗ 10. ಹುಡುಗಿಯರ ದನಿ ಹುಡುಗರಷ್ಟು ಒಡೆಯುವುದಿಲ್ಲ, ಆದರೂ ಇನ್ನೆರಡು ವರ್ಷಕ್ಕೆ ಆ ಎಳೆತನ ಹೋಗುತ್ತದೆ. ಈಗಲೇ ಕೂರಿಸಿಕೊಂಡು ಹೇಳಿ. ಗಂಟಲು ಬದಲಾದ ಮೇಲೆ ಹೇಳಿದರೆ ತಪ್ಪು ತನ್ನದು ಅಂದುಕೊಳ್ಳುತ್ತಾಳೆ. ಮಕ್ಕಳ ದನಿ ಮಾಡಲು ಬರುವ ಹೆಂಗಸರನ್ನು ಹುಡುಕಿ, ಡಬ್ಬಿಂಗ್ ಮಾಡುವವರಲ್ಲಿ ಖಂಡಿತ ಸಿಗುತ್ತಾರೆ. ಆರಿಸುವ ದಿನ ಮಗಳ ಕಿವಿಗೇ ಹೆಡ್‌ಫೋನ್ ಹಾಕಿ. ಆ ಹುಡುಗಿ ಹೇಗೆ ನಗುತ್ತಾಳೆ ಅಂತ ಅವಳಿಗೆ ಗೊತ್ತು.

ಇಷ್ಟಾದ ಮೇಲೂ ಬೆಳೆಸಲೇಬೇಕು ಅನ್ನಿಸಿದರೆ ನನಗೊಂದು ಮೆಸೇಜ್ ಮಾಡಿ. 7 ವರ್ಷದ ಪುಟ್ಟ, 13 ವರ್ಷದ ಪುಟ್ಟ, ಇಬ್ಬರ ಮಾಡೆಲ್ ಶೀಟೂ, ಅಂದರೆ ಪಾತ್ರದ ಮಾದರಿ ಚಿತ್ರದ ಹಾಳೆಗಳು, ನನ್ನ ಹತ್ತಿರ ಇವೆ. ಕಳಿಸುತ್ತೇನೆ. ಪಕ್ಕ ಪಕ್ಕ ಇಟ್ಟು ನಿಮ್ಮ ಬೀದಿಯ ನಾಲ್ಕು ವರ್ಷದ ಯಾವುದಾದರೂ ಮಗುವಿಗೆ ತೋರಿಸಿ, ಯಾರ ಜೊತೆ ಆಡ್ತೀಯ ಅಂತ ಕೇಳಿ.