ಟಿಎಫ್‌ಟಿಪಿ ಸರ್ವರ್‌ನಲ್ಲಿರುವ ಬ್ಯಾಕಪ್‌ನಿಂದ ಸಿಸ್ಕೊ ರೂಟರ್‌ನ ಕಾನ್ಫಿಗರೇಶನ್ ಮರಳಿ ತರುವುದು ಹೇಗೆ?

ನೀವು ಬರೆದಿರುವುದರ ಪ್ರಕಾರ ಬದಲಿ ರೂಟರ್ ಬಂದಿದೆ, ಹಳೆಯದರ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್ ಟಿಎಫ್‌ಟಿಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಫೈಲ್ ಸಾಗಿಸುವ ಸರಳ ವಿಧಾನದ, ಸರ್ವರ್‌ನಲ್ಲಿದೆ. ಅದನ್ನು ರನ್ನಿಂಗ್-ಕಾನ್ಫಿಗ್‌ಗೆ (ರೂಟರ್ ಈಗ ಬಳಸುತ್ತಿರುವ ಕಾನ್ಫಿಗ್‌ಗೆ) ಕಾಪಿ ಮಾಡಿದಿರಿ, ಎರರ್ ಏನೂ ಬರಲಿಲ್ಲ. ಆದರೂ ಇಂಟರ್‌ಫೇಸ್‌ಗಳು (ರೂಟರ್‌ನ ಪೋರ್ಟ್‌ಗಳು) ಡೌನ್ ಇವೆ, ಮೊದಲು ಯಾರೋ ಹಾಕಿದ್ದ ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ ಟ್ರಾಫಿಕ್ ಹೋಗುವ ದಾರಿ) ಕೂಡ ಹಾಗೇ ಉಳಿದಿದೆ.

ಫೈಲ್‌ನಲ್ಲಿ ದೋಷವಿರಲಾರದು, ಕಾಪಿ ಮಾಡಿದ ಜಾಗ ತಪ್ಪು. ರನ್ನಿಂಗ್-ಕಾನ್ಫಿಗ್‌ಗೆ ಕಾಪಿ ಮಾಡಿದಾಗ ಹಳೆಯದು ಅಳಿಯುವುದಿಲ್ಲ. ನೀವೇ ಕೂತು ಸಾಲುಗಳನ್ನು ಟೈಪ್ ಮಾಡಿದ ಹಾಗೆ, ಫೈಲ್‌ನಲ್ಲಿರುವುದೆಲ್ಲ ಈಗಿರುವುದರ ಜೊತೆ ಬೆರೆಯುತ್ತದೆ. ಹೋಸ್ಟ್‌ನೇಮ್, ಇಂಟರ್‌ಫೇಸ್‌ನ ಐಪಿ ಅಡ್ರೆಸ್‌ನಂಥ ಒಂದೇ ಮೌಲ್ಯ ಇರುವ ಸಾಲುಗಳು ಬದಲಾಗುತ್ತವೆ. ಸ್ಟಾಟಿಕ್ ರೂಟ್ (ಕೈಯಿಂದ ಬರೆದ ದಾರಿ), ಆಕ್ಸೆಸ್ ಲಿಸ್ಟ್‌ಗಳು (ಯಾವ ಟ್ರಾಫಿಕ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಮೇಲಿನಿಂದ ಕೆಳಗೆ ಓದುವ ನಿಯಮಗಳು) ಹಾಗಲ್ಲ, ಅವು ಸೇರಿಕೊಳ್ಳುತ್ತವೆ. ಎರಡು ಡೀಫಾಲ್ಟ್ ರೂಟ್ ಉಳಿದರೆ ಟ್ರಾಫಿಕ್ ಎರಡೂ ಕಡೆ ಹಂಚಿಹೋಗಿ, ಕೆಲವು ಸೈಟ್ ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ. ಆಕ್ಸೆಸ್ ಲಿಸ್ಟ್‌ನಲ್ಲಿ ಹಳೆಯ ಡಿನೈ ಸಾಲು ಮೇಲೇ ಕೂತಿದ್ದರೆ ಕೆಳಗೆ ಸೇರಿದ ಪರ್ಮಿಟ್ ಸಾಲಿಗೆ ಸರದಿಯೇ ಬರುವುದಿಲ್ಲ.

ಇಂಟರ್‌ಫೇಸ್ ಡೌನ್ ಇರುವುದಕ್ಕೂ ಇದೇ ಕಾರಣ. ಸೇವ್ ಆದ ಫೈಲ್‌ನಲ್ಲಿ ಪೋರ್ಟ್ ಚಾಲೂ ಮಾಡುವ 'ನೋ ಶಟ್‌ಡೌನ್' ಎಂಬ ಸಾಲು ಬರೆದಿರುವುದಿಲ್ಲ. ಹೊಸ ರೂಟರ್‌ನ ಪೋರ್ಟ್‌ಗಳು ಮಾತ್ರ ಶಟ್‌ಡೌನ್ ಆಗಿಯೇ ಬರುತ್ತವೆ. ಬೆರೆಸಿದಾಗ ಆ ಶಟ್‌ಡೌನ್ ತೆಗೆಯುವವರಿಲ್ಲ.

ಹಾಗಾಗಿ ಹೊಸ ರೂಟರ್‌ಗೆ ಸ್ಟಾರ್ಟಪ್-ಕಾನ್ಫಿಗ್ (ರೂಟರ್ ಏಳುವಾಗ ಓದುವ, ಸೇವ್ ಆದ ಕಾನ್ಫಿಗ್) ದಾರಿಯೇ ಸರಿ, ಅಲ್ಲಿ ಹಳೆಯದರ ಜೊತೆ ಬೆರೆಯುವ ಪ್ರಶ್ನೆಯಿಲ್ಲ. ಕನ್ಸೋಲ್ ಕೇಬಲ್‌ನಲ್ಲಿ ಕೂತು ಒಂದು ಪೋರ್ಟ್‌ಗೆ ತಾತ್ಕಾಲಿಕ ಐಪಿ ಕೊಡಿ, 'ನೋ ಶಟ್‌ಡೌನ್' ಮಾಡಿ, ಸರ್ವರ್‌ಗೆ ಪಿಂಗ್ ಹೋಗುತ್ತದೆಯೇ ನೋಡಿ. ಮೊದಲು ಫೈಲನ್ನು ಫ್ಲ್ಯಾಶ್‌ಗೆ (ರೂಟರ್‌ನೊಳಗಿನ ಸಂಗ್ರಹಕ್ಕೆ) ಇಳಿಸಿಕೊಳ್ಳಿ, 'ಮೋರ್' ಕಮಾಂಡ್‌ನಲ್ಲಿ ತೆರೆದು ಕೊನೆಯ ಸಾಲು 'ಎಂಡ್' ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಅರ್ಧಕ್ಕೇ ನಿಂತ ಬ್ಯಾಕಪ್ ಸಿಗುವುದು ಅಪರೂಪವೇನಲ್ಲ. ಆಮೇಲೆ ಫ್ಲ್ಯಾಶ್‌ನಿಂದ ಸ್ಟಾರ್ಟಪ್-ಕಾನ್ಫಿಗ್‌ಗೆ ಕಾಪಿ, ನಂತರ 'ರಿಲೋಡ್'. ಆಗ ಬದಲಾವಣೆಗಳನ್ನು ಸೇವ್ ಮಾಡಲೇ ಎಂಬ ಪ್ರಶ್ನೆ ಬಂದರೆ 'ನೋ' ಎನ್ನಿ. ಕೈ ತಪ್ಪಿ 'ಯೆಸ್' ಒತ್ತಿದರೆ ಈಗಿರುವ ರನ್ನಿಂಗ್-ಕಾನ್ಫಿಗ್ ಹೋಗಿ ನೀವು ಆಗಷ್ಟೇ ತಂದ ಫೈಲ್‌ನ ಮೇಲೆ ಕೂರುತ್ತದೆ. ರಿಲೋಡ್‌ಗೆ ಮುಂಚೆ 'ಶೋ ವರ್ಷನ್'ನ ಕೊನೆಯ ಸಾಲನ್ನೂ ನೋಡಿ. ಕಾನ್ಫಿಗರೇಶನ್ ರಿಜಿಸ್ಟರ್ (ರೂಟರ್ ಹೇಗೆ ಏಳಬೇಕೆಂದು ಹೇಳುವ ಸಂಖ್ಯೆ) 2102ರ ಬದಲು 2142 ಇದ್ದರೆ, ಅಂದರೆ ಯಾರೋ ಪಾಸ್‌ವರ್ಡ್ ರಿಕವರಿ ಮಾಡಿ ಹಾಗೇ ಬಿಟ್ಟಿದ್ದರೆ, ರೂಟರ್ ಸ್ಟಾರ್ಟಪ್-ಕಾನ್ಫಿಗ್ ಓದದೆಯೇ ಏಳುತ್ತದೆ.

ಮಾಡೆಲ್ ಬೇರೆಯಾಗಿದ್ದರೆ ಫೈಲನ್ನು ಮೊದಲೇ ತಿದ್ದಬೇಕು. ಫಾಸ್ಟ್‌ಈಥರ್‌ನೆಟ್ 0/0 ಎಂದಿರುವುದು ಹೊಸದರಲ್ಲಿ ಗಿಗಾಬಿಟ್‌ಈಥರ್‌ನೆಟ್ 0/0/0 ಆಗಿರಬಹುದು. ನೋಟ್‌ಪ್ಯಾಡ್‌ನಲ್ಲಿ ತಿದ್ದುವುದಾದರೆ ಫೈಲ್ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಂಡಿದೆಯೇ ನೋಡಿ, 'ನೋ ಸಚ್ ಫೈಲ್' ಎರರ್‌ನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಲಿನಕ್ಸ್ ಸರ್ವರ್ ಆಗಿದ್ದರೆ ದೊಡ್ಡಕ್ಷರ, ಸಣ್ಣಕ್ಷರ ಕೂಡ ಹೊಂದಬೇಕು.

'ಟೈಮ್ಡ್ ಔಟ್' ಬಂದರೆ ಫೈರ್‌ವಾಲ್ ಕಡೆ ನೋಡಿ. ಟಿಎಫ್‌ಟಿಪಿ ಬಳಸುವ ಯುಡಿಪಿ 69 ಎಂಬ ಪೋರ್ಟ್ ಸಂಖ್ಯೆ ತೆರೆದರೆ ಸಾಕೆಂದು ತಿಳಿಯುವವರೇ ಹೆಚ್ಚು. ಆದರೆ 69ಕ್ಕೆ ಹೋಗುವುದು ಮೊದಲ ಕೋರಿಕೆ ಮಾತ್ರ. ಸರ್ವರ್ ಉತ್ತರ ಕೊಡುವುದು ಬೇರೊಂದು ಪೋರ್ಟ್ ಸಂಖ್ಯೆಯಿಂದ, ಟಿಎಫ್‌ಟಿಪಿಯನ್ನು ಗುರುತಿಸಿ ಬಿಡದ ಫೈರ್‌ವಾಲ್ ಅದನ್ನು ತಡೆಯುತ್ತದೆ. ಸರ್ವರ್ ನಿರ್ದಿಷ್ಟ ಐಪಿಗಳನ್ನಷ್ಟೇ ಒಪ್ಪುವುದಾದರೆ, ಕೋರಿಕೆ ಯಾವ ಇಂಟರ್‌ಫೇಸ್‌ನ ಐಪಿಯಿಂದ ಹೋಗಬೇಕೆಂದು ಹೇಳುವ 'ಐಪಿ ಟಿಎಫ್‌ಟಿಪಿ ಸೋರ್ಸ್-ಇಂಟರ್‌ಫೇಸ್' ಕಮಾಂಡ್ ಕೊಡಿ.

ಎಲ್ಲ ಸರಿಯಾಗಿ ಬಂದ ಮೇಲೂ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತ ಲಾಗಿನ್) ಕೆಲಸ ಮಾಡದಿರಬಹುದು. ಅದಕ್ಕೆ ಬೇಕಾದ ಆರ್‌ಎಸ್‌ಎ ಖಾಸಗಿ ಕೀ ಕಾನ್ಫಿಗ್ ಫೈಲ್‌ನಲ್ಲಿ ಇರುವುದಿಲ್ಲ, ಹೊಸ ಯಂತ್ರದಲ್ಲಿ 'ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ' ಕೊಟ್ಟು 2048 ಬಿಟ್‌ನ ಕೀ ಮಾಡಿಕೊಳ್ಳಿ. ಟೈಪ್ 5, ಟೈಪ್ 7 ಪಾಸ್‌ವರ್ಡ್‌ಗಳು (ಈ ಸಂಖ್ಯೆ ಪಾಸ್‌ವರ್ಡನ್ನು ಹೇಗೆ ಮರೆಮಾಡಿದೆ ಎಂಬುದನ್ನು ಹೇಳುತ್ತದೆ) ಹೊಸದರಲ್ಲೂ ನಡೆಯುತ್ತವೆ. ಟೈಪ್ 6 ಇದ್ದರೆ ಹಳೆಯ ಮಾಸ್ಟರ್ ಕೀ ಗೊತ್ತಿರಬೇಕು, ಅದೂ ಫೈಲ್‌ನಲ್ಲಿ ಕಾಣುವುದಿಲ್ಲ.

ಇನ್ನು ಓಡುತ್ತಿರುವ ರೂಟರನ್ನೇ, ಅದೂ ದೂರದಿಂದ, ಹಳೆಯ ಸ್ಥಿತಿಗೆ ತರುವುದಾದರೆ ರಿಲೋಡ್ ಬೇಡ. 'ಕಾನ್ಫಿಗರ್ ರಿಪ್ಲೇಸ್' ಬಳಸಿ. ಅದು ಎರಡೂ ಕಾನ್ಫಿಗ್‌ಗಳನ್ನು ಹೋಲಿಸಿ, ಹೆಚ್ಚಿರುವ ಸಾಲನ್ನು ತೆಗೆದು, ಇಲ್ಲದ್ದನ್ನು ಸೇರಿಸುತ್ತದೆ. ಫೈಲ್ ಮಾತ್ರ ಪೂರ್ಣವಾಗಿರಬೇಕು, ನಾಲ್ಕು ಸಾಲಿನ ತುಣುಕು ಕೊಟ್ಟರೆ ಉಳಿದದ್ದನ್ನೆಲ್ಲ ಅಳಿಸಿಬಿಡುತ್ತದೆ. ಮೊದಲು 'ಆರ್ಕೈವ್' ಅಡಿಯಲ್ಲಿ, ಹಿಂದಿನ ಕಾನ್ಫಿಗ್ ಉಳಿಸಿಡುವ ಜಾಗದ ಪಾತ್ ಕೊಟ್ಟಿಟ್ಟು, ಕಮಾಂಡ್‌ನ ಕೊನೆಗೆ 'ರಿವರ್ಟ್ ಟ್ರಿಗರ್ ಟೈಮರ್ 10' ಸೇರಿಸಿ. ಸಂಪರ್ಕ ಕಡಿದುಹೋದರೆ 10 ನಿಮಿಷದಲ್ಲಿ ರೂಟರ್ ತಾನೇ ಹಿಂದಿನ ಕಾನ್ಫಿಗ್‌ಗೆ ಮರಳುತ್ತದೆ. ಎಲ್ಲ ಸರಿಯಿದ್ದರೆ ಅಷ್ಟರೊಳಗೆ 'ಕಾನ್ಫಿಗರ್ ಕನ್ಫರ್ಮ್' ಕೊಡಿ. ಇದು ಬದಲಿಸುವುದು ರನ್ನಿಂಗ್-ಕಾನ್ಫಿಗ್ ಅನ್ನು ಮಾತ್ರ, ಆದ್ದರಿಂದ ಕೊನೆಯಲ್ಲಿ ಸ್ಟಾರ್ಟಪ್‌ಗೂ ಸೇವ್ ಮಾಡಿ.